ಆಟಿಯ ಮಳೆಗೆ ತಾಳುವ ಮೋಡೆಮ್

ಏಪ್ರಿಲ್‌ನಲ್ಲಿ ಅಳೆದ ರೇಂಜ್ ಜುಲೈಗೆ ಉಳಿಯುವುದಿಲ್ಲ. ತೋಟದಲ್ಲಿ ಮೋಡೆಮ್ ಕೂರಿಸಲು ಹೊರಟವರಿಗೆ ನಾನು ಮೊದಲು ಹೇಳುವ ಮಾತು ಇದು. ಗುಡ್ಡೆಯ ಮರಗಳು ಎಲೆ ಉದುರಿಸಿ ನಿಂತ ಕಾಲದಲ್ಲಿ ಪಂಪ್‌ಶೆಡ್ಡಿನ ಬಾಗಿಲಲ್ಲಿ ಮೂರು ಗೆರೆ ತೋರಿಸಿದ ಫೋನು, ಆಟಿ ಬಂದು ಸೋಗೆ ಸೋಗೆಯೂ ನೀರು ಹೊತ್ತು ತೂಗುವಾಗ ಅದೇ ಬಾಗಿಲಲ್ಲಿ ಒಂದನ್ನೂ ತೋರಿಸದು. ನೆನೆದ ಎಲೆ ರೇಡಿಯೊ ಅಲೆಯನ್ನು ನುಂಗುತ್ತದೆ. 1800, 2300 ಮೆಗಾಹರ್ಟ್ಸ್‌ನ ಮೇಲಿನ ಅಲೆಗಳನ್ನಂತೂ ಇನ್ನೂ ಹೆಚ್ಚು. ನಮಗೆ ಮೋಡೆಮ್ ನಿಜವಾಗಿ ಬೇಕಾಗುವುದು ಆ ದಿನಗಳಲ್ಲೇ.

ಅಡಿಕೆ ತೋಟದವರಿಗೆ ಮೋಡೆಮ್ ಹೊಸದಲ್ಲ. ರಾತ್ರಿ ತ್ರೀಫೇಸ್ ಬಂದಾಗ ಟಾರ್ಚು ಹಿಡಿದು ತೋಟಕ್ಕೆ ಇಳಿಯುವ ಕಷ್ಟ ತಪ್ಪಿಸಿದ ಮೊಬೈಲ್ ಸ್ಟಾರ್ಟರಿನ ಹೊಟ್ಟೆಯೊಳಗೂ ಇರುವುದು ಒಂದು ಸಿಮ್, ಒಂದು ಸಣ್ಣ ಮೋಡೆಮ್. ಆದರೆ ಅದು ಬೇಸಗೆಯ ಸಾಧನ. ಈ ವಾರ ನಾನು ಹೇಳಹೊರಟಿರುವುದು ಮಳೆಗಾಲದ ಪೆಟ್ಟಿಗೆಯ ವಿಷಯ: ಮಳೆಮಾಪಕಕ್ಕೋ ತೋಡಿನ ನೀರಿನ ಮಟ್ಟ ನೋಡುವ ಸೆನ್ಸರಿಗೋ ಜೋಡಿಸಿ, ವರ್ಷವಿಡೀ ಕಣ್ಣು ಮುಚ್ಚದೆ ಕೂರಬೇಕಾದ ಕೈಗಾರಿಕಾ ದರ್ಜೆಯ ಸೆಲ್ಯುಲರ್ ಮೋಡೆಮ್.

ಇದರ ದೊಡ್ಡ ಮಾದರಿ ನಮ್ಮ ಕಣ್ಣ ಮುಂದೆಯೇ ಇದೆ. 1988ರಲ್ಲಿ ಬರ ನಿಗಾ ಘಟಕವಾಗಿ ಹುಟ್ಟಿ, ಮುಂದೆ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಗಿ ಬೆಳೆದ ಸಂಸ್ಥೆ ರಾಜ್ಯದಲ್ಲಿ ಪಂಚಾಯತಿಗೊಂದರಂತೆ 6500ಕ್ಕೂ ಹೆಚ್ಚು ಮಳೆಮಾಪಕಗಳನ್ನು ನಿಲ್ಲಿಸಿದೆ. ಬಿಸಿಲಿನಿಂದಲೇ ವಿದ್ಯುತ್ತು, ಒಳಗೊಂದು ಸಿಮ್, 15 ನಿಮಿಷಕ್ಕೊಮ್ಮೆ ಬೆಂಗಳೂರಿಗೆ ಲೆಕ್ಕ. ಪಂಚಾಯತ್ ಕಚೇರಿಗೆ ಹೋದಾಗ ಸಾಲಿನಲ್ಲಿ ನಿಂತು ಬೇಸರವಾದರೆ ಅದರ ಹತ್ತಿರ ಹೋಗಿ ನೋಡಿ. ಸೋಲಾರ್ ಫಲಕ ಯಾವ ಕಡೆ ಓರೆಯಾಗಿದೆ, ವಯರು ಪೆಟ್ಟಿಗೆಯೊಳಗೆ ಮೇಲಿನಿಂದ ಹೊಕ್ಕಿದೆಯೋ ಕೆಳಗಿನಿಂದಲೋ, ಸುತ್ತ ಮರ ಎಷ್ಟು ದೂರ ಇದೆ ಎಂದು ನೋಡುವುದರಲ್ಲೇ ಅರ್ಧ ಪಾಠ ಆಗುತ್ತದೆ.

ಪಂಚಾಯತಿಯದು ಇರುವಾಗ ತೋಟಕ್ಕೆ ಇನ್ನೊಂದು ಯಾಕೆ ಎಂದು ಕೇಳುವವರಿದ್ದಾರೆ. ಘಟ್ಟದ ಬುಡದ ಮಳೆ ಅಂಥದು. ಕಕ್ಕಿಂಜೆಯಲ್ಲಿ ಬಿಸಿಲು ಇದ್ದರೂ ಚಾರ್ಮಾಡಿಯ ಮೇಲೆ ಕತ್ತಲು ಕವಿದಿರುತ್ತದೆ. ಕೊಳೆರೋಗಕ್ಕೆ ಮದ್ದು ಬಿಡುವವನಿಗೆ ಬೇಕಾಗುವುದು ತನ್ನ ತೋಟದ ಮಳೆಯ ಲೆಕ್ಕ, ಗೊನೆಯ ಮೇಲೆ ಬಿದ್ದ ಬೋರ್ಡೋ ದ್ರಾವಣ ಒಣಗಲು ಸಿಕ್ಕಿದ ಹೊಳವಿನ ಲೆಕ್ಕ. ತೋಡಿನ ಸೆನ್ಸರಿನ ಬೆಲೆ ಏನೆಂದು 2019ರ ಆಗಸ್ಟ್ ಕಂಡವರಿಗೆ ಹೇಳಬೇಕಿಲ್ಲ. ಅಂದು ಚಾರ್ಮಾಡಿ, ನೆರಿಯ, ದಿಡುಪೆ ಕಡೆಯ ತೋಟಗಳಿಗೆ ಘಟ್ಟದ ಮಣ್ಣು, ಮರದ ದಿಮ್ಮಿಗಳು ನೀರಿನೊಂದಿಗೆ ನುಗ್ಗಿ ಬಂದವು.

ಇನ್ನು ಜಾಗ ಹುಡುಕುವ ಕೆಲಸ. ನನ್ನ ಮಟ್ಟಿಗೆ ಎಲ್ಲದರಲ್ಲೂ ರುಚಿಯಾದದ್ದು ಇದೇ. ಬೆಳ್ತಂಗಡಿಯಿಂದ ನಡ, ಕಿಲ್ಲೂರು ದಾಟಿ ದಿಡುಪೆಯತ್ತ ಹೋಗುತ್ತ ಫೋನು ನೋಡುತ್ತಿದ್ದರೆ ಗಡಾಯಿಕಲ್ಲು ಎಷ್ಟು ದೊಡ್ಡ ಬಂಡೆ ಎಂಬುದು ಕಣ್ಣಿಗಿಂತ ಮೊದಲು ರೇಂಜಿಗೆ ಗೊತ್ತಾಗುತ್ತದೆ. ಬಂಡೆಯ ಮರೆ, ಗುಡ್ಡದ ಮರೆ, ಬೈಲಿನ ತಗ್ಗು, ಅದರ ಮೇಲೆ ಅಡಿಕೆಯ ಚಪ್ಪರ. ಇಂಥಲ್ಲಿ ಫೋನಿನ ಗೆರೆಗಳನ್ನು ನಂಬಬಾರದು, ಸಂಖ್ಯೆ ನೋಡಬೇಕು. ಮೋಡೆಮ್ ಲ್ಯಾಪ್‌ಟಾಪಿಗೆ ಸಿಕ್ಕಿಸಿ ‘ಎಟಿ ಪ್ಲಸ್ ಸಿಎಸ್‌ಕ್ಯೂ’ ಎಂದು ಕೇಳಿದರೆ 0ಯಿಂದ 31ರ ಒಳಗಿನ ಒಂದು ಅಂಕ ಕೊಡುತ್ತದೆ. 99 ಎಂದರೆ ಅದಕ್ಕೇ ಗೊತ್ತಿಲ್ಲ ಎಂದು ಅರ್ಥ. 1981ರಲ್ಲಿ ಹೇಯ್ಸ್ ಕಂಪೆನಿ ಟೆಲಿಫೋನ್ ಮೋಡೆಮಿಗೆಂದು ಕಟ್ಟಿದ ಭಾಷೆ ಇದು. ಇಂದಿಗೂ ಘಟ್ಟದ ಬುಡದ ಮೋಡೆಮ್ ಉತ್ತರ ಕೊಡುವುದು ಆ ಭಾಷೆಗೇ. 4ಜಿಯಲ್ಲಿ ಇದಕ್ಕಿಂತ ನಂಬಬಹುದಾದ ಎರಡು ಅಳತೆಗಳಿವೆ. ಸಿಗ್ನಲ್ಲಿನ ಬಲ ಹೇಳುವ ಆರ್‌ಎಸ್‌ಆರ್‌ಪಿ ಮೈನಸ್ 90ರ ಆಸುಪಾಸಿನಲ್ಲಿದ್ದರೆ ಸುಖ, ಮೈನಸ್ 110 ದಾಟಿದರೆ ಆಟಿಗೆ ಖಂಡಿತ ಕೈಕೊಡುತ್ತದೆ. ಎಸ್‌ಐಎನ್‌ಆರ್ ಎಂಬುದು ಗದ್ದಲದ ನಡುವೆ ಮಾತು ಎಷ್ಟು ಸ್ಪಷ್ಟ ಎಂಬುದರ ಅಳತೆ. 10ರ ಮೇಲಿದ್ದರೆ ಒಳ್ಳೆಯದು, ಸೊನ್ನೆಗಿಂತ ಕೆಳಗಿಳಿದರೆ ಜಾಗ ಬದಲಿಸಿ. ಏಪ್ರಿಲ್‌ನ ಆರ್‌ಎಸ್‌ಆರ್‌ಪಿ ಅಂಕದಿಂದ ನಾನು ಹತ್ತು ಡಿಬಿ ಕಳೆದು ಮಳೆಗಾಲದ ಅಂಕವೆಂದು ಇಟ್ಟುಕೊಳ್ಳುತ್ತೇನೆ. ಅದು ನನ್ನ ರೂಢಿ. ಈವರೆಗೆ ನನ್ನನ್ನು ಕಾಪಾಡಿದೆ.

ಜಿಯೊದ 850, ಏರ್‌ಟೆಲ್‌ನ 900, ಬಿಎಸ್‌ಎನ್‌ಎಲ್‌ನ 700 ಮೆಗಾಹರ್ಟ್ಸ್, ಇವು ಕೆಳಗಿನ ಅಲೆಗಳು. ಎಲೆಯನ್ನೂ ಗುಡ್ಡದ ಅಂಚನ್ನೂ ದಾಟಿ ಬರುವುದು ಇವೇ. ಮೋಡೆಮ್ ಕೊಳ್ಳುವಾಗ ಅದು ಇವುಗಳಲ್ಲಿ ಯಾವುದನ್ನು ಹಿಡಿಯುತ್ತದೆ ಎಂದು ಕೇಳಿಯೇ ಹಣ ಕೊಡಿ. ಅಮೆರಿಕಕ್ಕೆಂದು ಮಾಡಿದ ಮಾದರಿ ಅಗ್ಗಕ್ಕೆ ಸಿಕ್ಕಿತೆಂದು ತಂದವರು ನಮ್ಮ ಟವರು ಹಿಡಿಯಲಾಗದೆ ಅದನ್ನು ಕಪಾಟಿನಲ್ಲಿ ಇಟ್ಟದ್ದನ್ನು ನೋಡಿದ್ದೇನೆ. ಬರೀ 2ಜಿ ಮೋಡೆಮನ್ನೂ ಈಗ ಕೊಳ್ಳುವುದು ಬೇಡ. 2016ರಲ್ಲಿ ಬಂದ ಜಿಯೊದಲ್ಲಿ 2ಜಿ ಇಲ್ಲವೇ ಇಲ್ಲ.

ಆಂಟೆನಾ ಎತ್ತರದಲ್ಲಿ ಇರಬೇಕೆಂಬುದು ಎಲ್ಲರಿಗೂ ಗೊತ್ತು. ಎಡವುವುದು ಮುಂದಿನ ಹೆಜ್ಜೆಯಲ್ಲಿ. ಆಂಟೆನಾ ಮೇಲೆ ಕಟ್ಟಿ, ಮೋಡೆಮನ್ನು ಕೆಳಗೆ ಸ್ಟಾರ್ಟರಿನ ಪಕ್ಕ ಇಟ್ಟು, ನಡುವೆ ಹತ್ತು ಮೀಟರ್ ತೆಳು ಕೇಬಲ್ ಎಳೆಯುತ್ತಾರೆ. ಆರ್‌ಜಿ 58 ಕೇಬಲ್ 1800 ಮೆಗಾಹರ್ಟ್ಸ್‌ನಲ್ಲಿ ಹತ್ತು ಮೀಟರಿಗೆ 7ರಿಂದ 8 ಡಿಬಿ ತಿನ್ನುತ್ತದೆ. ಅಂದರೆ ಗುಡ್ಡೆ ಏರಿ ಹಿಡಿದು ತಂದ ಸಿಗ್ನಲ್ಲಿನಲ್ಲಿ ಆರರಲ್ಲೊಂದು ಪಾಲು ಮಾತ್ರ ಮೋಡೆಮಿಗೆ ತಲುಪುತ್ತದೆ. ಆದ್ದರಿಂದ ನಾನು ತಿರುಗಿಸಿ ಮಾಡುತ್ತೇನೆ. ಮೋಡೆಮಿನ ಪೆಟ್ಟಿಗೆಯನ್ನೇ ಆಂಟೆನಾದ ಹತ್ತಿರಕ್ಕೆ ಒಯ್ದು, ಆ ಕೇಬಲನ್ನು ಒಂದು ಮೀಟರಿಗೆ ಇಳಿಸಿ, ಸೆನ್ಸರಿನಿಂದ ಆರ್‌ಎಸ್ 485ರ ಹೆಣೆದ ಜೋಡಿ ವಯರನ್ನು ಮೇಲಕ್ಕೆ ಎಳೆಯುತ್ತೇನೆ. ಆ ವಯರು ನಿಧಾನ ವೇಗದಲ್ಲಿ 1200 ಮೀಟರ್ ತನಕ ಮಾತು ಒಯ್ಯಬಲ್ಲದು. ಪಂಪ್‌ಶೆಡ್ಡಿನಿಂದ ಗುಡ್ಡೆಯ ನೆತ್ತಿಗೆ 1200 ಮೀಟರ್ ಇರುವ ತೋಟ ನಮ್ಮಲ್ಲಿ ಅಪರೂಪ. ವಯರಿನ ಎರಡೂ ತುದಿಗೆ 120 ಓಮಿನ ರೆಸಿಸ್ಟರ್ ಹಾಕಲು ಮರೆಯಬಾರದು.

ಅಡಿಕೆ ಮರವನ್ನೇ ಕಂಬ ಮಾಡಿಕೊಳ್ಳುವ ಆಸೆ ಬೇಡ. ಗಾಳಿಗೆ ಅದು ಬಳುಕುತ್ತದೆ. ದಿಕ್ಕು ನೋಡಿ ನಿಲ್ಲಿಸಿದ ಯಾಗಿ ಆಂಟೆನಾ ಅದರೊಂದಿಗೆ ತೂಗಿದರೆ ಟವರ್ ಒಮ್ಮೆ ಸಿಕ್ಕೀತು, ಒಮ್ಮೆ ತಪ್ಪೀತು. ಒಂದೂವರೆ ಇಂಚಿನ ಜಿಐ ಪೈಪು ನೆಟ್ಟು, ಬುಡಕ್ಕೆ ಕಾಂಕ್ರೀಟು ಹಾಕಿ. ಗುಡ್ಡೆಯ ನೆತ್ತಿಯಲ್ಲೂ ರೇಂಜ್ ಇಲ್ಲದ ಬೈಲುಗಳಿವೆ. ಕುದುರೆಮುಖ ರಾಷ್ಟ್ರೀಯ ಉದ್ಯಾನದ ಅಂಚಿನಲ್ಲಿ ಹಲವು. ಅಲ್ಲಿ ಪರವಾನಗಿ ಬೇಡದ 865ರಿಂದ 867 ಮೆಗಾಹರ್ಟ್ಸ್‌ನ ಲೋರಾ ರೇಡಿಯೊದಲ್ಲಿ, ರೇಂಜ್ ಇರುವ ನೆಂಟರ ಮನೆಯ ಮಾಡಿನವರೆಗೆ ಮಾತು ದಾಟಿಸಿ, ಮೋಡೆಮನ್ನು ಅಲ್ಲೇ ಕೂರಿಸುವುದು ದಾರಿ.

ಇನ್ನು ನೀರು. ಮೂಡುಬಿದಿರೆಯ ಸಾವಿರ ಕಂಬದ ಬಸದಿಗೆ ಮಳೆಗಾಲದಲ್ಲಿ ಹೋದವರು ಅದರ ಇಳಿಜಾರು ಮಾಡು, ಹೊರಚಾಚಿದ ಸೂರುಗಳನ್ನು ನೋಡಿರುತ್ತಾರೆ. 1430ರಲ್ಲಿ ಕಟ್ಟಿದವರಿಗೆ ಇಲ್ಲಿ ಮಳೆ ಮೇಲಿನಿಂದ ಮಾತ್ರವಲ್ಲ, ಬದಿಯಿಂದಲೂ ಬರುತ್ತದೆಂದು ಗೊತ್ತಿತ್ತು. ಮೋಡೆಮಿನ ಪೆಟ್ಟಿಗೆಗೂ ಅದೇ ನ್ಯಾಯ. ಐಪಿ 67 ಎಂದು ಬರೆದಿದ್ದರೂ ಮೇಲೊಂದು ತಗಡಿನ ಮಾಡು ಇರಲಿ. ವಯರುಗಳೆಲ್ಲ ಅಡಿಯಿಂದಲೇ ಒಳಗೆ ಹೋಗಲಿ. ಒಳಹೊಗುವ ಮುನ್ನ ವಯರು ಒಮ್ಮೆ ಕೆಳಗೆ ಜೋತು ಮೇಲೇರಲಿ. ವಯರಿನ ಗುಂಟ ಇಳಿದು ಬಂದ ನೀರು ಆ ತಗ್ಗಿನಲ್ಲಿ ತೊಟ್ಟಿಕ್ಕಿ ಬೀಳುತ್ತದೆ, ಪೆಟ್ಟಿಗೆಗೆ ಹೋಗುವುದಿಲ್ಲ. ಖಾಲಿ ಉಳಿದ ತೂತು ಒಂದಿದ್ದರೆ ಕಡಜ ಮಣ್ಣು ತಂದು ಗೂಡು ಕಟ್ಟುತ್ತದೆ, ಇಲ್ಲವೇ ಇರುವೆಗಳು ಮೊಟ್ಟೆ ಸಮೇತ ಸಂಸಾರ ಹೂಡುತ್ತವೆ. ಬೆಚ್ಚಗಿರುವ ಜಾಗ ತೋಟದಲ್ಲಿ ಅದೊಂದೇ.

ಇನ್ನೊಂದು, ಅಡಿಕೆಯ ನಾಡಿಗೆ ಸೇರಿದ ಶತ್ರು. ಹೋದ ವರ್ಷ ಮೊದಲ ಮದ್ದು ಬಿಟ್ಟ ಮೇಲೆ ಒಂದು ಆಂಟೆನಾದ ಬುಡ ಬಿಚ್ಚಿ ನೋಡಿದೆ. ಎಸ್‌ಎಂಎ ಕನೆಕ್ಟರಿನ ಹಿತ್ತಾಳೆಯ ಎಳೆಗಳ ನಡುವೆ ತಿಳಿನೀಲಿ ಹುಡಿ ಕಟ್ಟಿತ್ತು. ಉಗುರಿನಿಂದ ಕೆರೆದರೆ ಸುಣ್ಣದ ಹಾಗೆ ಉದುರಿತು, ಅಡಿಯಲ್ಲಿ ಲೋಹ ಹಸಿರುಗಟ್ಟಿತ್ತು. ಬೋರ್ಡೋ ದ್ರಾವಣದ ಮೈಲುತುತ್ತು. ಗೊನೆಗೆ ಬಿಟ್ಟ ಮದ್ದು ಗಾಳಿಯಲ್ಲಿ ತೇಲಿ ಇಲ್ಲಿಗೂ ಬಂದಿತ್ತು. ಅಂದಿನಿಂದ ಕನೆಕ್ಟರಿಗೆ ತನ್ನಷ್ಟಕ್ಕೆ ಅಂಟಿ ಒಂದಾಗುವ ರಬ್ಬರ್ ಟೇಪನ್ನು ಎಳೆದೆಳೆದು ಸುತ್ತುತ್ತೇನೆ, ಮೇಲಿಂದ ಮಾಮೂಲಿ ಕಪ್ಪು ಟೇಪು. ಮದ್ದು ಬಿಡುವ ದಿನ ಪೆಟ್ಟಿಗೆಗೆ ಒಂದು ಪ್ಲಾಸ್ಟಿಕ್ ಚೀಲ ಹೊದೆಸುತ್ತೇನೆ. ಮದ್ದು ಬಿಡುವವರೇ ಈಗ ನನಗಿಂತ ಮೊದಲು ಅದನ್ನು ನೆನಪಿಸುತ್ತಾರೆ.

ಸಿಡಿಲಿನ ಮಾತು ಮೂಡುಬಿದಿರೆಯಲ್ಲೇ ಆಡಬೇಕು. ನೆಲ್ಲಿಕಾರು, ಶಿರ್ತಾಡಿ ಕಡೆಯ ಮುರಕಲ್ಲಿನ ಪದವುಗಳಲ್ಲಿ ಬೇಸಗೆಯ ನೆಲ ವಿದ್ಯುತ್ತನ್ನು ಸುಲಭವಾಗಿ ಒಳಗೆ ಬಿಡುವುದಿಲ್ಲ. ಸಿಡಿಲು ಹೆಚ್ಚು ಬರುವುದೂ ಆಗಲೇ, ಮಳೆಗಾಲದ ಹೊಸ್ತಿಲಾದ ಪತ್ತನಾಜೆಗೆ ಮುಂಚಿನ ಸಂಜೆಗಳಲ್ಲಿ. ಆಮೇಲೆ ಮತ್ತೆ ಅಕ್ಟೋಬರಿನಲ್ಲಿ. ಅಲ್ಲೊಂದು ತೋಟದಲ್ಲಿ ಬಾವಿಯ ಮಟ್ಟ ನೋಡುವ ಸೆನ್ಸರಿಗೆ ಬಾವಿಕಟ್ಟೆಯ ಪಕ್ಕ ಒಂದು ಅರ್ಥ್ ಕೊಟ್ಟಿದ್ದೆ. ಮೋಡೆಮಿಗೆ 40 ಮೀಟರ್ ದೂರದ ಶೆಡ್ಡಿನ ಅರ್ಥ್. ಎರಡೂ ಚೆನ್ನಾಗಿಯೇ ಇದ್ದವು. ಏಪ್ರಿಲ್‌ನ ಒಂದು ಸಂಜೆ ಸಿಡಿಲು ಬಡಿದದ್ದು ದೂರದ ತೆಂಗಿನ ಮರಕ್ಕೆ. ಸುಟ್ಟದ್ದು ನನ್ನ ಮೋಡೆಮ್. ಸಿಡಿಲು ನೆಲಕ್ಕಿಳಿದ ಕ್ಷಣದಲ್ಲಿ ಆ ಎರಡು ಅರ್ಥ್ ಗುಂಡಿಗಳ ನಡುವೆ ಸಾವಿರಾರು ವೋಲ್ಟಿನ ವ್ಯತ್ಯಾಸ ಹುಟ್ಟಿ, ಅದು ಸೆನ್ಸರಿನ ವಯರನ್ನೇ ದಾರಿ ಮಾಡಿಕೊಂಡಿತ್ತು. ತೆರೆದು ನೋಡಿದರೆ ಸಿಮ್‌ಕಾರ್ಡಿಗೆ ಏನೂ ಆಗಿರಲಿಲ್ಲ, ಆರ್‌ಎಸ್ 485ರ ಚಿಪ್ಪಿನ ನೆತ್ತಿ ಮಾತ್ರ ಸಾಸಿವೆ ಕಾಳಿನಷ್ಟು ಸಿಡಿದು ಹೋಗಿತ್ತು. ತಪ್ಪು ನನ್ನದೇ. ಅರ್ಥ್ ಗುಂಡಿ ಎರಡಿದ್ದರೆ ಅವೆರಡನ್ನೂ ದಪ್ಪ ತಾಮ್ರದ ತಂತಿಯಿಂದ ನೆಲದಡಿಯಲ್ಲೇ ಕಟ್ಟಬೇಕು. ಸೆನ್ಸರಿನ ವಯರಿಗೆ ಬೆಳಕಿನ ಮೂಲಕ ಮಾತು ದಾಟಿಸುವ ಐಸೊಲೇಟರ್, ಆಂಟೆನಾ ಕೇಬಲಿಗೆ ಅನಿಲ ತುಂಬಿದ ಅರೆಸ್ಟರ್ ಹಾಕಬೇಕು. ಇದ್ದಲು, ಉಪ್ಪು ತುಂಬಿದ ಅರ್ಥ್ ಗುಂಡಿಗೆ ಮಾರ್ಚಿನಿಂದಲೇ ವಾರಕ್ಕೊಂದು ಕೊಡ ನೀರು ಹೊಯ್ಯಬೇಕು. ಇಷ್ಟಾದರೂ ನೇರ ಬಡಿತಕ್ಕೆ ಯಾವುದೂ ಉಳಿಯದು. ಪಕ್ಕದ ಬಡಿತಕ್ಕೆ ಉಳಿಯುತ್ತದೆ. ಹೆಚ್ಚಿನವು ಪಕ್ಕದವೇ.

ಬಂಟ್ವಾಳದ ನದಿದಂಡೆಯ ತೋಟಗಳಲ್ಲಿ ಕಷ್ಟ ಬೇರೆ. ಬಿ.ಸಿ. ರೋಡಿನ ಆಸುಪಾಸಿನಲ್ಲಿ ಟವರುಗಳು ಬೇಕಾದಷ್ಟಿವೆ, ಸಿಗ್ನಲ್ ಜೋರಾಗಿಯೇ ಇದೆ, ಆದರೂ ಮೋಡೆಮ್ ಒಂದರಿಂದ ಇನ್ನೊಂದಕ್ಕೆ ಹಾರುತ್ತ ಕೂರುತ್ತದೆ. ಬ್ಯಾಂಡನ್ನು ಒಂದಕ್ಕೆ ಕಟ್ಟಿಹಾಕಿದರೆ ಶಾಂತವಾಗುತ್ತದೆ. ಅಲ್ಲಿ ಮುಖ್ಯವಾದ ಪ್ರಶ್ನೆ ಪೆಟ್ಟಿಗೆ ಎಷ್ಟು ಎತ್ತರದಲ್ಲಿರಬೇಕು ಎಂಬುದು. ಉತ್ತರ ಯಾವ ಕೈಪಿಡಿಯಲ್ಲೂ ಇಲ್ಲ. 1974ರ ನೆರೆ ಕಂಡ ಹಿರಿಯರು ಮನೆಯಲ್ಲಿದ್ದರೆ ನೀರು ಎಲ್ಲಿಯವರೆಗೆ ಬಂದಿತ್ತೆಂದು ಗೋಡೆಯ ಮೇಲೆ ಬೆರಳಿಟ್ಟು ತೋರಿಸುತ್ತಾರೆ. ಅದಕ್ಕಿಂತ ಒಂದು ಮೀಟರ್ ಮೇಲೆ ಮೊಳೆ ಹೊಡೆಯಿರಿ.

ಸೆಟ್ಟಿಂಗ್ ಕೆಲಸ ಮನೆಯ ಚಾವಡಿಯಲ್ಲಿ ಅರ್ಧ ಗಂಟೆಯದು. ಎಪಿಎನ್ ಹಾಕುವುದು, ಸೆನ್ಸರಿನ ವೇಗ 9600ಕ್ಕೆ ಹೊಂದಿಸುವುದು, ಕಾರ್ಖಾನೆಯಿಂದ ಬಂದ ಪಾಸ್‌ವರ್ಡ್ ಬದಲಿಸುವುದು. ಒಂದು ವಿಷಯ ಮಾತ್ರ ಹೊಸಬರನ್ನು ಕಾಡುತ್ತದೆ: ಮಾಮೂಲಿ ಸಿಮ್ಮಿಗೆ ಹೊರಗಿನಿಂದ ತಲುಪಬಲ್ಲ ವಿಳಾಸ ಇರುವುದಿಲ್ಲ, ಆದ್ದರಿಂದ ಮನೆಯಿಂದ ನಾವು ಅದನ್ನು ಕರೆಯಲಾಗದು; ಅದೇ ನಮ್ಮನ್ನು ಕರೆಯಬೇಕು. ಅದಕ್ಕೆ ಎಂಕ್ಯೂಟಿಟಿ ಎಂಬ ರೀತಿ ಇದೆ. 1999ರಲ್ಲಿ ತೈಲ ಕೊಳವೆಗಳ ಲೆಕ್ಕವನ್ನು ದುಬಾರಿ ಉಪಗ್ರಹದ ಮೂಲಕ ತರಿಸಲು ಮಾಡಿದ್ದು. ಮಾತು ಕಡಿಮೆ, ಕೆಲಸ ಹೆಚ್ಚು. 15 ನಿಮಿಷಕ್ಕೊಮ್ಮೆ ಕಳಿಸಿದರೆ ದಿನಕ್ಕೆ 96 ಸಂದೇಶ, ತಿಂಗಳಿಗೆ ಕೆಲವೇ ಎಂಬಿ. ಡೇಟಾ ಸಾಲದೆ ಬರುವ ತೊಂದರೆ ಇಲ್ಲ. 28 ದಿನದ ರೀಚಾರ್ಜ್ ಮರೆತು, ಸಿಮ್ ಮಳೆಯ ನಡುವೆ ಸತ್ತದ್ದು ಮಾತ್ರ ಹಲವು ಬಾರಿ. ಯಂತ್ರಗಳಿಗೆಂದೇ 2018ರಿಂದ 13 ಅಂಕಿಯ ಸಿಮ್ ಬಂದಿದೆ. ಸಿಕ್ಕುವುದಾದರೆ ಅದನ್ನೇ ಕೇಳಿ.

ಬ್ಯಾಟರಿಯಲ್ಲಿ ಜಿಪುಣತನ ಬೇಡ. ನನ್ನ ಮೋಡೆಮ್ ಸರಾಸರಿ 120 ಮಿಲಿಆಂಪಿಯರ್ ಕುಡಿಯುತ್ತದೆ. 7 ಆಂಪಿಯರ್ ಅವರ್‌ನ ಬ್ಯಾಟರಿ ಎರಡು ದಿನಕ್ಕೆ ಸಾಲುತ್ತದೆ. ಆಟಿಯಲ್ಲಿ ಐದು ದಿನ ಸೂರ್ಯ ಕಾಣದೆ ಇರಬಹುದು, ಆದ್ದರಿಂದ 20 ಇಟ್ಟಿದ್ದೇನೆ. ಆದರೆ ನಮ್ಮ ಬ್ಯಾಟರಿ ಉಳಿದರೆ ಸಾಲದು. ಘಟ್ಟದ ಬುಡದಲ್ಲಿ ಮರ ಬಿದ್ದು ಕರೆಂಟು ಹೋದರೆ ಕೆಲವು ಗಂಟೆಗಳಲ್ಲಿ ಟವರಿನ ಬ್ಯಾಟರಿಯೂ ಮುಗಿಯುತ್ತದೆ. ಇದನ್ನು ತಡೆಯುವುದು ನಮ್ಮ ಕೈಯಲ್ಲಿಲ್ಲ. ನಮ್ಮ ಕೈಯಲ್ಲಿರುವುದು ಎರಡು: ಟವರ್ ಇಲ್ಲದಾಗಿನ ಲೆಕ್ಕವನ್ನು ಗಂಟೆ ನಿಮಿಷ ಸಮೇತ ತನ್ನೊಳಗೆ ಬರೆದಿಡುವ ಮೋಡೆಮ್ ಆರಿಸುವುದು, ಮತ್ತು ಗಂಟೆಗಟ್ಟಲೆ ಸಂಪರ್ಕ ಸಿಗದಿದ್ದರೆ ತಾನೇ ಆರಿ ಹೊತ್ತಿಕೊಳ್ಳುವಂತೆ ಅದಕ್ಕೆ ಕಾವಲು ಟೈಮರ್ ಇಡುವುದು. ಕೊಳ್ಳುವಾಗ ನಾನು ವೇಗ ಕೇಳುವುದಿಲ್ಲ, ಈ ಎರಡನ್ನೇ ಕೇಳುತ್ತೇನೆ.

ಕಳೆದ ಆಟಿಯ ಒಂದು ರಾತ್ರಿ ಒಂಬತ್ತೂವರೆಗೆ ಮಲವಂತಿಗೆ ಕಡೆಯ ಪೆಟ್ಟಿಗೆ ಮೌನವಾಯಿತು. ಅಲ್ಲಿಯವರಿಗೆ ಫೋನು ಮಾಡಿದರೆ ಅದೂ ಹೋಗಲಿಲ್ಲ, ಟವರೇ ಮಲಗಿತ್ತು. ಬೆಳಗಿನ ಜಾವ ಐದಕ್ಕೆ ಫೋನು ಒಂದೇ ಸಮನೆ ಮಿಡಿಯತೊಡಗಿತು. 9.45, 10.00, 10.15 ಎಂದು ರಾತ್ರಿಯ ಕಾಲು ಗಂಟೆಗಳು ಒಂದರ ಹಿಂದೊಂದು ಇಳಿದು ಬಂದವು, ಮೂವತ್ತು ಸಾಲು, ನಡುವೆ ಒಂದೂ ತಪ್ಪಿರಲಿಲ್ಲ. ಎರಡೂವರೆಯಿಂದ ಮೂರೂವರೆಯ ತನಕ ತೋಡು ಏರಿ, ನಾಲ್ಕರ ಹೊತ್ತಿಗೆ ಇಳಿಯಲು ಹಿಡಿದಿತ್ತು.