ಮಣ್ಣಿನ ಗಂಧ ಮತ್ತು ಮಳೆ: ಒಂದು ವಿದ್ಯಾರ್ಥಿ ಪ್ರಯೋಗದ ವಿಮರ್ಶೆ

ಕೃತಿಯೊಂದು ಏನನ್ನು ಹೇಳಹೊರಟಿತು, ಏನನ್ನು ಸಾಧಿಸಿತು ಎಂದು ತೂಗಿ ನೋಡುವುದು ವಿಮರ್ಶೆಯ ಮೊದಲ ಕೆಲಸ. ಈ ಮಾತು ಪ್ರಯೋಗಶಾಲೆಯ ಕೃತಿಗೂ ಸಲ್ಲುತ್ತದೆಂದು ನಾವು ಭಾವಿಸುತ್ತೇವೆ. 2009ರಲ್ಲಿ ಬೆಂಗಳೂರಿನ ಸೃಷ್ಟಿ ಕಲಾಶಾಲೆಯ ವಿದ್ಯಾರ್ಥಿಗಳು, ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ನೆರವಿನೊಡನೆ, ಇ. ಕೋಲಿ ಎಂಬ ಬ್ಯಾಕ್ಟೀರಿಯದಿಂದ ಮಳೆ ಬಿದ್ದ ಮಣ್ಣಿನ ಗಂಧವನ್ನು ಹೊರಡಿಸಲು ಯತ್ನಿಸಿ, ಅಮೆರಿಕದ ಎಂ.ಐ.ಟಿ.ಯಲ್ಲಿ ಜರುಗಿದ ಐಜೆಮ್ ಸ್ಪರ್ಧೆಗೆ ಅದನ್ನು ಒಯ್ದರು.

ಆ ಸ್ಪರ್ಧೆಗೆ ಬರುವ ಕೃತಿಗಳಲ್ಲಿ ಹಲವು ಪ್ರಯೋಜನವನ್ನೇ ಗುರಿಯಾಗಿ ಉಳ್ಳವು. ಜೈವಿಕ ಪ್ಲಾಸ್ಟಿಕ್ ಅದಕ್ಕೊಂದು ನಿದರ್ಶನ. 1926ರಲ್ಲಿ ಫ್ರಾನ್ಸಿನ ಲೆಮ್ವಾನ್ ಬ್ಯಾಕ್ಟೀರಿಯದ ಒಡಲಲ್ಲಿ ಗುರುತಿಸಿದ ಪಾಲಿಹೈಡ್ರಾಕ್ಸಿಬ್ಯುಟಿರೇಟ್, ಆ ಜೀವಿಯು ಕಷ್ಟಕಾಲಕ್ಕೆಂದು ಕೂಡಿಟ್ಟ ಆಹಾರ. ಅದನ್ನು ಕಟ್ಟುವ ಮೂರು ಕಿಣ್ವಗಳ ಜೀನುಗಳನ್ನು ಸೇರಿಸಿದರೆ ಇ. ಕೋಲಿಯೂ ಅದನ್ನು ಕೂಡಿಡುತ್ತದೆ. 2013ರಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನ ವಿದ್ಯಾರ್ಥಿಗಳು ಹಿಡಿದುದು ಇದೇ ಹಾದಿ. ಇಂಥ ಕೃತಿಯನ್ನು ತೂಕದಿಂದಲೂ ಬೆಲೆಯಿಂದಲೂ ಅಳೆಯಬಹುದು. ಗಂಧವನ್ನು ಅಳೆಯುವುದು ಹೇಗೆ?

ಉಪಕರಣದ ಆಯ್ಕೆಯಲ್ಲಿ ಬೆಂಗಳೂರಿನ ಕೃತಿ ಮಿತವ್ಯಯದ ಮೇಲ್ಪಂಕ್ತಿಯಾಗಿದೆ. ಮಣ್ಣಿನ ಗಂಧಕ್ಕೆ ಕಾರಣವಾದ ಜಿಯೋಸ್ಮಿನ್ನನ್ನು ಮಣ್ಣಿನಲ್ಲಿರುವ ಸ್ಟ್ರೆಪ್ಟೊಮೈಸಿಸ್ ಜೀವಿಗಳು ತಯಾರಿಸುತ್ತವೆ. ಅದಕ್ಕೆ ಬೇಕಾದ ಮೂಲದ್ರವ್ಯ ಇ. ಕೋಲಿಯಲ್ಲಿ ಮೊದಲೇ ಇರುವುದರಿಂದ ಒಂದು ಕಿಣ್ವದ ಜೀನು ಸಾಕು. ಮಾನವನ ಮೂಗು ಇದರ ಅತ್ಯಲ್ಪ ಪ್ರಮಾಣವನ್ನೂ ಗ್ರಹಿಸುವುದರಿಂದ ಪರೀಕ್ಷಕನೂ ಕೈಗೆ ದೊರೆತಂತಾಯಿತು.

ಆದರೆ ಈ ಕೃತಿ ಮಳೆಯ ಗಂಧವೆಂದೇ ಪ್ರಸಿದ್ಧಿ ಪಡೆಯಿತು. ಈ ಮಾತನ್ನು ನಾವು ಪೂರ್ಣವಾಗಿ ಒಪ್ಪಲಾರೆವು. 1964ರಲ್ಲಿ ಆಸ್ಟ್ರೇಲಿಯದ ಬೇರ್ ಮತ್ತು ಥಾಮಸ್, ಒಣನೆಲ ನೆನೆದಾಗ ಏಳುವ ಗಂಧಕ್ಕೆ ಪೆಟ್ರಿಕೋರ್ ಎಂಬ ಹೆಸರಿಟ್ಟರು. ಕಲ್ಲುಮಣ್ಣುಗಳು ಹೀರಿಟ್ಟುಕೊಂಡ ಹಲವು ತೈಲಗಳ ಕೂಟ ಅದು. ಉತ್ತರ ಪ್ರದೇಶದ ಗಂಧಿಗರು ಶ್ರೀಗಂಧದೆಣ್ಣೆಯಲ್ಲಿ ಮಣ್ಣಿನ ಅತ್ತರನ್ನು ಇಳಿಸುತ್ತಿದ್ದುದನ್ನು ಅವರೂ ಬಲ್ಲವರಾಗಿದ್ದರು. ಜಿಯೋಸ್ಮಿನ್ ಈ ಮೇಳದ ಒಂದು ಸ್ವರ ಮಾತ್ರ. ಅದೊಂದನ್ನೇ ಮಳೆಯ ಗಂಧವೆನ್ನುವುದು ಅತಿವ್ಯಾಪ್ತಿ.

ಇನ್ನೊಂದು ಮಾತು. ಅಲಂಕಾರಶಾಸ್ತ್ರದ ಪರಿಭಾಷೆಯಲ್ಲಿ ಗಂಧವು ಉದ್ದೀಪನ ವಿಭಾವ, ಮಳೆಯೇ ಆಲಂಬನ. ನಿತ್ಯ ಹರಿಯುವ ನದಿಯಿಲ್ಲದ ಕೋಲಾರ ಜಿಲ್ಲೆಯಲ್ಲಿ, ಕ್ಯಾಸಂಬಳ್ಳಿಯ ಸುತ್ತಿನ ರೈತನಿಗೆ ಮೊದಲ ಮಳೆಯ ಗಂಧ ಬಿತ್ತನೆಯ ವಾರ್ತೆ. ಅದೇ ಜಿಯೋಸ್ಮಿನ್ ಕುಡಿಯುವ ನೀರಿಗೆ ಸೇರಿದರೆ ಆತನೇ ಲೋಟವನ್ನು ಕೆಳಗಿಡುತ್ತಾನೆ. ದ್ರವ್ಯ ಒಂದೇ; ಸಂದರ್ಭದಿಂದ ಅರ್ಥ ಬೇರೆ. ಮಳೆಯಿಲ್ಲದೆ ಗಂಧವೊಂದೇ ಬಂದರೆ ಈ ಸೀಮೆಯವರಿಗೆ ಅದು ಸಂತೋಷವಾಗಲಾರದು, ವಂಚನೆಯೆನಿಸೀತು.

ಇದರಿಂದ ಕೃತಿಯ ಬೆಲೆ ಕುಂದುವುದಿಲ್ಲ. ಜೀವವಿಜ್ಞಾನದ ಶಿಕ್ಷಣವಿಲ್ಲದ ಕಲಾವಿದ್ಯಾರ್ಥಿಗಳು ಜೀನನ್ನು ಕೈಗೆತ್ತಿಕೊಂಡು, ಇದು ಯಾರಿಗಾಗಿ ಎಂಬ ಪ್ರಶ್ನೆಯನ್ನು ತೂಕಬೆಲೆಗಳ ಆಚೆಗೆ ಒಯ್ದರು. ಪ್ಲಾಸ್ಟಿಕ್ ತಯಾರಿಸುವವರಿಗೂ ಈ ಪ್ರಶ್ನೆ ತಪ್ಪಿದ್ದಲ್ಲ. ನಮ್ಮ ಕಾಲೇಜುಗಳಲ್ಲಿ ಇಂಥ ಪ್ರಯೋಗಗಳು ನಡೆಯುವಾಗ, ತಯಾರಾದ ವಸ್ತುವಿನೊಡನೆ ಅದಕ್ಕೆ ಕೊಟ್ಟ ಹೆಸರನ್ನೂ ಅಧ್ಯಾಪಕರು ಪರೀಕ್ಷಿಸಬೇಕೆಂಬುದು ನಮ್ಮ ಅಭಿಪ್ರಾಯ.