ಕ್ರೋಮಿನ ಕೆಳಗೆ ಏನಿದೆ?

ಹಳೇ ಯೆಜ್ಡಿ ಬೈಕು ಮಾರುವವರ ಬಾಯಲ್ಲಿ ಈಗ ಎರಡೇ ಮಾತು. ಒಂದು, ‘ಶೋರೂಮ್ ಕಂಡೀಷನ್ ಐತ್ರಿ.’ ಇನ್ನೊಂದು, ‘ಎಲ್ಲಾ ಒರಿಜಿನಲ್ ಐತ್ರಿ.’ ಎರಡೂ ಒಂದೇ ಗಾಡಿಗೆ ನಿಜವಾಗುವುದು ಬಲು ಅಪರೂಪ. 1996ರಲ್ಲಿ ಬಾಗಿಲು ಹಾಕಿದ ಕಾರ್ಖಾನೆಯ ಗಾಡಿ ಇವತ್ತು ಮಿರಮಿರ ಮಿಂಚುತ್ತಿದೆ ಎಂದರೆ ಯಾರೋ ಅದನ್ನು ಮಿಂಚಿಸಿದ್ದಾರೆ. ಮಿಂಚಿಸುವಾಗ ಏನೋ ತೆಗೆದಿದ್ದಾರೆ, ಏನೋ ಹಾಕಿದ್ದಾರೆ. ತೆಗೆದದ್ದೇನು, ಹಾಕಿದ್ದೇನು ಎಂದು ಕೇಳದೆ ಟ್ಯಾಂಕಿನಲ್ಲಿ ಮುಖ ನೋಡಿಕೊಂಡು ಲಕ್ಷ ರೂಪಾಯಿ ಎಣಿಸಿಕೊಟ್ಟವರು ನಮ್ಮ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ನಾಲ್ಕೂ ತಾಲ್ಲೂಕಿನಲ್ಲಿದ್ದಾರೆ.

ಸ್ಪೋರ್ಟ್ಸ್ ಕಾರುಗಳ ಲೋಕದಲ್ಲಿ ಅಸಲು ಯಾವುದು ಎಂಬುದು ಹಳೇ ಜಗಳ. 2022ರ ಮೇ ತಿಂಗಳಲ್ಲಿ 1955ರ ಮರ್ಸಿಡಿಸ್ 300 ಎಸ್‌ಎಲ್‌ಆರ್ ಕೂಪೆಯೊಂದು 13.5 ಕೋಟಿ ಯೂರೋಗೆ ಹರಾಜಾಯಿತು. ಆ ಮಾದರಿಯಲ್ಲಿ ಮಾಡಿದ್ದೇ ಎರಡು. ಎರಡೂ ಕಂಪನಿಯ ಮನೆಯಲ್ಲೇ ಇದ್ದವು. ಹಾಗಾಗಿ ಅಸಲಿಯೋ ನಕಲಿಯೋ ಎಂಬ ತಕರಾರೇ ಏಳಲಿಲ್ಲ. ಅಂಥ ಅದೃಷ್ಟ ಎಲ್ಲ ಗಾಡಿಗೂ ಇರುವುದಿಲ್ಲ. ನಮ್ಮ ಈ ಸೀಮೆಯಲ್ಲಿ ಹಳೇ ಸ್ಪೋರ್ಟ್ಸ್ ಕಾರು ಹುಡುಕಿ ಹೊರಟವರು ಸಂಜೆ ಬರಿಗೈಲಿ ಮನೆಗೆ ಬರಬೇಕು. ನಮ್ಮ ಸ್ಪೋರ್ಟ್ಸ್ ಗಾಡಿಗೆ ಇದ್ದದ್ದು ಎರಡೇ ಗಾಲಿ. ಒಂದು ಸಿಲಿಂಡರು, ಅದಕ್ಕೆ ಎರಡು ಸೈಲೆನ್ಸರು, ಕಿಕ್ ಹೊಡೆಯುವ ಲಿವರಿನಲ್ಲೇ ಗೇರು. ಮೈಸೂರಿನ ಯಾದವಗಿರಿಯಿಂದ ಬಂದ ಜಾವಾ, ಆಮೇಲೆ ಯೆಜ್ಡಿ.

ಕಥೆ ಗೊತ್ತಿಲ್ಲದವರಿಗೆ ಚುಟುಕಾಗಿ: ಇರಾನಿ ಕುಟುಂಬದ ರುಸ್ತುಂ ಮತ್ತು ಫರೋಖ್ 1960ರಲ್ಲಿ ಐಡಿಯಲ್ ಜಾವಾ ಕಂಪನಿ ಕಟ್ಟಿದರು. ಮರುವರ್ಷ ಗಾಡಿಗಳು ಹೊರಬಿದ್ದವು. ಮೊದಲು ಚೆಕೊಸ್ಲೊವಾಕಿಯಾದ ಜಾವಾ 250ರ ಬಿಡಿಭಾಗ ತಂದು ಜೋಡಿಸುವುದು, ಆಮೇಲೆ ಇಲ್ಲೇ ಮಾಡುವುದು. 1973ರಿಂದ ಟ್ಯಾಂಕಿನ ಮೇಲೆ ಯೆಜ್ಡಿ ಎಂಬ ಹೆಸರು ಬಂತು. 1978ರಲ್ಲಿ ರೋಡ್‌ಕಿಂಗ್. ಚೆಕ್ಕರ ಮೋಟೊಕ್ರಾಸ್ ಗಾಡಿಗಳ ರಕ್ತ ಇದ್ದದ್ದು ಈ ರೋಡ್‌ಕಿಂಗಿಗೆ. ಶೋಲಾವರಂ ರೇಸುಗಳಲ್ಲಿ ಓಡಿದ ತಳಿ. ನಮ್ಮ ಕಡೆ ಅದು ರೇಸಿಗೆ ಹೋಗಲಿಲ್ಲ, ಹೊಲಕ್ಕೆ ಹೋಯಿತು. ಹಿಂದೆ ಎರಡು ಹಾಲಿನ ಕ್ಯಾನು, ಮುಂದೆ ಟ್ಯಾಂಕಿನ ಮೇಲೆ ಮಗ, ನಡುವೆ ಧೋತರ ಎತ್ತಿ ಕಟ್ಟಿದ ಅಪ್ಪ. ಎರಿಮಣ್ಣಿನ ಹಸಿ ರಸ್ತೆಯಲ್ಲಿ ಬೇರೆ ಗಾಡಿ ಹೂತು ನಿಂತಾಗ ಇದು ಗುರ್ ಎನ್ನುತ್ತಾ ಎದ್ದು ಬರುತ್ತಿತ್ತು. ಅಂಥ ಗಾಡಿಗಳೇ ಈಗ ಕೊಟ್ಟಿಗೆಯಿಂದ, ಹೊಟ್ಟಿನ ಬಣವಿಯ ಮರೆಯಿಂದ ಹೊರಬಂದು ಬಣ್ಣ ಬಳಿಸಿಕೊಂಡು ಮಾರಾಟಕ್ಕೆ ನಿಂತಿವೆ.

ಗಾಡಿಗಿಂತ ಮೊದಲು ಕಾಗದ ನೋಡಿ. ಇದನ್ನು ಹೇಳಿದರೆ ಹುಡುಗರಿಗೆ ಬೇಸರ; ಆದರೂ ಹೇಳುತ್ತೇನೆ. ಆರ್‌ಸಿ ಪುಸ್ತಕ ಇಲ್ಲದ ಯೆಜ್ಡಿ ನನ್ನ ಲೆಕ್ಕದಲ್ಲಿ ಗಾಡಿಯಲ್ಲ, ಬಿಡಿಭಾಗಗಳ ಗುಡ್ಡೆ. ಅದಕ್ಕೆ ಗುಡ್ಡೆಯ ಬೆಲೆಯೇ ಕೊಡಬೇಕು. ಮೂರು ಅಕ್ಷರದ ಹಳೇ ನಂಬರು, ಅಂದರೆ ಎಂವೈ, ಎಂಇ, ಸಿಎ ಎಂದು ಶುರುವಾಗುವಂಥದ್ದು, ಇನ್ನೂ ಗಾಡಿಯ ಮೇಲಿದ್ದರೆ ಮೊದಲ ಖುಷಿ ಅದು. ಬೈಲಹೊಂಗಲದ ಕೆಎ-24 ಇದ್ದರೆ ಅದೇನೂ ದೋಷವಲ್ಲ, ಆದರೆ 70ರ ದಶಕದ ಗಾಡಿಗೆ ಅದು ಹೇಗೆ ಬಂತು ಎಂದು ಕೇಳುವುದು ನಿಮ್ಮ ಹಕ್ಕು. 15 ವರ್ಷ ಮುಗಿದ ಮೇಲೆ ಐದೈದು ವರ್ಷಕ್ಕೊಮ್ಮೆ ನೋಂದಣಿ ನವೀಕರಿಸಬೇಕು. ಎಷ್ಟೋ ಗಾಡಿಗಳ ನವೀಕರಣ ಎರಡು ದಶಕದ ಹಿಂದೆಯೇ ನಿಂತಿದೆ. ಕೆಲವುಗಳ ದಾಖಲೆ ಆರ್‌ಟಿಒ ಕಚೇರಿಯ ಹಳೇ ರಿಜಿಸ್ಟರಿನಲ್ಲೇ ಉಳಿದು ಕಂಪ್ಯೂಟರಿಗೆ ಏರಿಲ್ಲ. ‘ಅದೇನ್ ದೊಡ್ಡ ಕೆಲಸ ಅಲ್ಲ ಬಿಡ್ರಿ, ಏಜೆಂಟ್ ಮಾಡಸ್ತಾನ’ ಎಂದು ಮಾರುವವರು ಹೇಳಿದರೆ, ಮಾಡಿಸಿಕೊಟ್ಟ ಮೇಲೆ ದುಡ್ಡು ಎಂದುಬಿಡಿ. ಅಷ್ಟು ಸಲೀಸಾಗಿದ್ದರೆ ಅವರೇ ಮಾಡಿಸಿ ಇಪ್ಪತ್ತು ಸಾವಿರ ಹೆಚ್ಚಿಗೆ ಕೇಳುತ್ತಿರಲಿಲ್ಲವೇ?

ಕಾಗದ ಸರಿ ಇದ್ದರೆ ನಂಬರುಗಳು. ಚಾಸಿಯದ್ದು ಹ್ಯಾಂಡಲಿನ ಕುತ್ತಿಗೆಯ ಬಳಿ, ಎಂಜಿನಿನದ್ದು ಎಂಜಿನ್ ಕೇಸಿನ ಮೇಲೆ. ಆರ್‌ಸಿಗೆ ತಾಳೆಯಾದರೆ ಸಾಲದು, ಅಂಕಿಗಳು ಕೂತ ನೆಲವನ್ನು ನೋಡಬೇಕು. ಎರಕದ ಅಲ್ಯುಮಿನಿಯಮ್ಮಿಗೆ ಸಣ್ಣ ಮರಳಿನಂಥ ಒರಟು ಮೈ ಇರುತ್ತದೆ. ಅಂಕಿಗಳ ಸುತ್ತ ಮಾತ್ರ ನುಣುಪಾಗಿದ್ದರೆ ಅಲ್ಲಿ ಗ್ರೈಂಡರ್ ಓಡಾಡಿದೆ. ಒಂದು ಅಂಕಿ ಆಳ, ಇನ್ನೊಂದು ತೇಲಿದಂತೆ, ಮೂರನೆಯದು ಸಾಲು ಬಿಟ್ಟು ವಾಲಿದಂತೆ ಕಂಡರೂ ಅನುಮಾನ ಪಡಿ. ಹಾಗೆಂದು ಎಲ್ಲ ಬದಲಾವಣೆಯೂ ಕಳ್ಳತನವಲ್ಲ. ಕಬ್ಬಿನ ಸೀಜನ್ನಿನಲ್ಲಿ ಎಂಜಿನ್ ಸೀಜಾದಾಗ ರೈತ ಕೈಗೆ ಸಿಕ್ಕ ಇನ್ನೊಂದು ಎಂಜಿನ್ ಕೂಡಿಸಿ ಆರ್‌ಸಿಯಲ್ಲಿ ಬರೆಸಿಕೊಂಡಿದ್ದರೆ ಅದು ಪ್ರಾಮಾಣಿಕ ಗಾಡಿ. ಬೆಲೆ ಇಳಿಯುತ್ತದೆ, ಮರ್ಯಾದೆ ಇಳಿಯುವುದಿಲ್ಲ. (ಜಾವಾದ ಕೀಲಿ ಮಾತ್ರ ಯಾವ ಸಾಕ್ಷಿಗೂ ಬಾರದು. ಮೊಳೆಯಂಥ ಒಂದು ಗೂಟ ಅದು. ಒಬ್ಬರದ್ದು ಇನ್ನೊಬ್ಬರ ಗಾಡಿಗೂ ಕೂರುತ್ತಿತ್ತು.)

ಈಗ ಕ್ರೋಮು. ಹಳೇ ಜಾವಾದ ಟ್ಯಾಂಕಿನ ಪಕ್ಕೆಗಳಿಗೆ ಕ್ರೋಮು, ಉಳಿದದ್ದಕ್ಕೆ ಗಾಢ ಕೆಂಪು, ಎರಡೂ ಸೇರುವ ಕಡೆ ಕೈಯಲ್ಲಿ ಎಳೆದ ಸಪೂರ ಗೆರೆ, ಮಂಡಿ ತಾಗುವಲ್ಲಿ ರಬ್ಬರು. ಒಳ್ಳೆಯ ಕ್ರೋಮಿಗೆ ಕೆಳಗೆ ತಾಮ್ರದ ಪದರ, ಅದರ ಮೇಲೆ ನಿಕ್ಕಲ್, ಕೊನೆಗೆ ಕ್ರೋಮಿಯಂ. ಈಗ ಅಗ್ಗಕ್ಕೆ ಮಾಡಿಸುವವರು ತಾಮ್ರ ಬಿಟ್ಟು ನೇರ ನಿಕ್ಕಲಿಗೆ ಹೋಗುತ್ತಾರೆ. ಎರಡು ಮಳೆಗಾಲ ಕಳೆಯುವುದರೊಳಗೆ ಅದು ಹುಗುಳೆದ್ದು ಸಿಪ್ಪೆ ಬಿಡುತ್ತದೆ. ಅದಕ್ಕಿಂತ ದೊಡ್ಡ ನಷ್ಟ ಬೇರೆ. ಕ್ರೋಮಿಗೆ ಮುಂಚೆ ಬಫಿಂಗ್ ಮಾಡುತ್ತಾರಲ್ಲ, ಆ ಚಕ್ರ ಲೋಹವನ್ನು ತಿನ್ನುತ್ತದೆ. ಎಂಜಿನ್ ಕವರಿನ ಮೇಲೆ ಉಬ್ಬಾಗಿ ಎರಕ ಹೊಯ್ದ ಹೆಸರಿನ ಅಂಚು ಕರಗಿ ಬೆಲ್ಲದ ಅಚ್ಚಿನಂತೆ ದುಂಡಗಾಗಿದ್ದರೆ ಆ ಕವರು ಒರಿಜಿನಲ್ ಹೌದು, ಆದರೆ ಅದರ ಅರ್ಧ ಬೆಲೆ ಬಫಿಂಗ್ ಧೂಳಿನೊಡನೆ ಹಾರಿಹೋಗಿದೆ. ಚೂರು ಮಾಸಿದ, ಒಂದೆರಡು ತರಚು ಗಾಯದ, ಅಕ್ಷರ ಚೂಪಾಗಿರುವ ಕವರಿಗೆ ನಾನು ಹೆಚ್ಚು ಕೊಡುತ್ತೇನೆ.

ಬಣ್ಣದ ವಿಷಯಕ್ಕೆ ಅಂಗಡಿಯ ಬೆಳಕು ಬೇಡ. ಸೀಟು ತೆಗೆಸಿ. ಹಿಂದಿನ ಮಡ್‌ಗಾರ್ಡಿನ ಒಳಮೈ, ಟೂಲ್ ಬಾಕ್ಸಿನ ಮೂಲೆ, ಸೆಂಟರ್ ಸ್ಟ್ಯಾಂಡಿನ ಬುಡ, ಇವೆಲ್ಲ ಪೇಂಟರನ ಸ್ಪ್ರೇ ಸರಿಯಾಗಿ ತಲುಪದ ಜಾಗಗಳು. ಉಗುರಿನಿಂದ ಕೆರೆದರೆ ಗಾಡಿಯ ಜಾತಕ ಪದರ ಪದರವಾಗಿ ಬರುತ್ತದೆ: ಮೇಲೆ ಈಚಿನ ಮೆಟಾಲಿಕ್ ನೀಲಿ, ಕೆಳಗೆ ಯಾವಾಗಲೋ ಊರ ಪೇಂಟರ್ ಬಳಿದ ಹಸಿರು, ತಳದಲ್ಲಿ ಕಾರ್ಖಾನೆಯ ಕಪ್ಪು. ನಮ್ಮ ಕಡೆ ಇನ್ನೊಂದು ಅನುಕೂಲವಿದೆ, ಮಣ್ಣು. ಸವದತ್ತಿ ಕಡೆಯ ಎರಿಮಣ್ಣು ಒಮ್ಮೆ ಫ್ರೇಮಿನ ಸಂದಿಯೊಳಗೆ ಹೊಕ್ಕು ಒಣಗಿತೆಂದರೆ ನೀರು ಹೊಡೆದರೂ ಪೂರ್ತಿ ಬಿಡುವುದಿಲ್ಲ. ಕಿತ್ತೂರಿನಿಂದ ಪಶ್ಚಿಮಕ್ಕೆ ಹೋದಂತೆ ಮಣ್ಣು ಕೆಂಪಾಗುತ್ತದೆ. ಅದೇ ಸವದತ್ತಿ ಕಡೆಯ ಮುನವಳ್ಳಿಯ ಒಬ್ಬನೇ ಮಾಲೀಕನ ಗಾಡಿ ಎಂದು ಮಾರುವವರು ಹೇಳಿದ ಒಂದು ರೋಡ್‌ಕಿಂಗಿನ ಚೈನ್ ಕವರ್ ಬಿಚ್ಚಿಸಿದಾಗ ಗ್ರೀಸಿನ ಜೊತೆ ಬಂದದ್ದು ಬರೀ ಇಟ್ಟಿಗೆ ಬಣ್ಣದ ಮಣ್ಣು, ಅದರೊಳಗೆ ಅಡಿಕೆ ಸಿಪ್ಪೆಯ ನಾರು. ಮುನವಳ್ಳಿಯಲ್ಲಿ ಅಡಿಕೆ ತೋಟ ನಾನಂತೂ ಕಂಡಿಲ್ಲ. ಮಾರುವವರು ಸುಮ್ಮನೆ ನಕ್ಕರು. ಗಾಡಿ ಕೆಟ್ಟದ್ದೇನೂ ಆಗಿರಲಿಲ್ಲ, ಕಥೆ ಮಾತ್ರ ಬೇರೆ ಗಾಡಿಯದ್ದು. ಕಥೆಗೆಂದು ಸೇರಿಸಿದ್ದ ಮೊತ್ತವನ್ನು ನಾನು ಬೆಲೆಯಿಂದ ಕಳೆದೆ.

ಎಂಜಿನ್ನನ್ನು ತಣ್ಣಗಿರುವಾಗಲೇ ಮುಟ್ಟಿ. ನೀವು ಬರುವ ಮೊದಲೇ ಗಾಡಿ ಒಂದು ಸುತ್ತು ಹೊಡೆದು ನಿಂತಿದ್ದರೆ ಸಿಲಿಂಡರಿನ ರೆಕ್ಕೆಗಳು ಬೆಚ್ಚಗಿರುತ್ತವೆ. ಆಗ ಚಹಾ ಕುಡಿದು ಅದು ಆರುವವರೆಗೆ ಕಾಯಿರಿ. ಬಿಳಿ ಹೊಗೆ ಬಿಡುತ್ತಲೇ ಇದ್ದರೆ ಕ್ರ್ಯಾಂಕಿನ ಸೀಲು ಸೋತು ಗೇರ್ ಎಣ್ಣೆ ಒಳಗೆ ಹೋಗುತ್ತಿದೆ. ಗೇರು ಲಿವರನ್ನು ಒಳಕ್ಕೆ ಒತ್ತಿ ಮೇಲೆತ್ತಿದರೆ ಅದು ಕಿಕ್ ಲಿವರ್ ಆಗಬೇಕು, ಆಮೇಲೆ ಮರಳಿ ಗೇರಾಗಬೇಕು. ಅಲ್ಲಿ ಜೋಲಿ ಹೊಡೆದರೆ ಒಳಗಿನ ಹಲ್ಲು ಸವೆದಿದೆ. ಮಾರುವವರು ಒಪ್ಪಿದರೆ ಹೆಡ್ ಬಿಚ್ಚಿಸಿ. ಪಿಸ್ಟನ್ನಿನ ತಲೆಯ ಮೇಲೆ ಅಳತೆ ಇರುತ್ತದೆ. ಈ ಎಂಜಿನ್ನಿನ ಮೂಲ ಬೋರು 65 ಮಿಲಿಮೀಟರು. ಕಾಲು ಕಾಲು ಮಿಲಿಮೀಟರಿನಂತೆ ಎಷ್ಟು ಸಲ ಬೋರು ಬೆಳೆದಿದೆ ಎಂಬುದು ಅಲ್ಲಿ ಬರೆದಿರುತ್ತದೆ, ಯಾರ ಬಾಯಿಮಾತೂ ಬೇಕಿಲ್ಲ. ಸೈಲೆನ್ಸರಿನ ಒಳಗೊಳವೆ ಇದೆಯೇ ನೋಡಿ. ಸದ್ದು ಜೋರಾಗಲೆಂದು ಅದನ್ನು ಕಿತ್ತೆಸೆದ ಹುಡುಗರ ತಲೆಮಾರೇ ಇತ್ತು. ಅವರಲ್ಲಿ ಅರ್ಧ ಮಂದಿ ಈಗ ಅದೇ ಕೊಳವೆಗಾಗಿ ಗುಜರಿ ಅಂಗಡಿ ಅಲೆಯುತ್ತಿದ್ದಾರೆ.

ಜಿಕೊವ್ ಕಾರ್ಬುರೇಟರ್ ಹೋಗಿ ಬೇರೆ ಗಾಡಿಯ ಮಿಕುನಿ ಬಂದಿರುವುದು, 6 ವೋಲ್ಟಿನ ವೈರಿಂಗ್ 12 ಆಗಿರುವುದು ದಿನಾ ಕಾಣುವ ಸಂಗತಿ. ಇದಕ್ಕೆ ಮುಖ ಸಿಂಡರಿಸುವ ಶುದ್ಧಾಚಾರಿಗಳ ಪೈಕಿ ನಾನಲ್ಲ. ರಾತ್ರಿ ರಾಮದುರ್ಗದಿಂದ ಕಟಕೋಳದ ದಾರಿಯಲ್ಲಿ ಆ 6 ವೋಲ್ಟಿನ ದೀಪ ನಂಬಿ ಬಂದವರಿಗೆ ಗೊತ್ತು ಅದರ ಕಷ್ಟ. ನನ್ನ ಪ್ರಶ್ನೆ ಒಂದೇ: ಕಿತ್ತ ಸಾಮಾನು ಎಲ್ಲಿ? ಗೋಣಿಚೀಲದಲ್ಲಿ ಕಟ್ಟಿ ಅಟ್ಟದ ಮೇಲಿಟ್ಟಿದ್ದರೆ, ಆ ಚೀಲವೂ ಗಾಡಿಯ ಜೊತೆ ಬರುವುದಾದರೆ, ಬದಲಾವಣೆಗೆ ನಾನು ಒಂದು ರೂಪಾಯಿಯನ್ನೂ ಕಳೆಯುವುದಿಲ್ಲ. ಹಾಕಿದ್ದನ್ನು ತೆಗೆಯಬಹುದು, ಕೊರೆದದ್ದು, ಕತ್ತರಿಸಿದ್ದು, ವೆಲ್ಡ್ ಮಾಡಿದ್ದು ಮರಳಿ ಬಾರದು. ಉದ್ದ ಸೀಟಿಗೆಂದು ಫ್ರೇಮಿನ ಹಿಂಭಾಗ ಕತ್ತರಿಸಿದ ಗಾಡಿಯನ್ನು ಯಾರಾದರೂ ಪುಕ್ಕಟೆ ಕೊಟ್ಟರೂ ಯೋಚಿಸಿ.

ಹಾಗಾದರೆ ಎಷ್ಟು ಉಳಿದರೆ ಅಸಲು? ಲಂಡನ್ನಿನ ನ್ಯಾಯಾಲಯವೊಂದು 1990ರಲ್ಲಿ ಈ ಪ್ರಶ್ನೆಗೆ ಕೂತಿತ್ತು. ‘ಓಲ್ಡ್ ನಂಬರ್ ಒನ್’ ಎಂಬ ಬೆಂಟ್ಲಿ ಸ್ಪೀಡ್ ಸಿಕ್ಸ್ 1929 ಮತ್ತು 1930ರಲ್ಲಿ ಲೆ ಮಾನ್ಸ್ ಗೆದ್ದ ಕಾರು. ಒಂದು ಕೋಟಿ ಪೌಂಡಿಗೆ ವ್ಯಾಪಾರ ಕುದುರಿದ ಮೇಲೆ ಕೊಳ್ಳುವವರು ತಕರಾರು ತೆಗೆದರು: ಗೆದ್ದಾಗ ಇದ್ದ ಭಾಗಗಳು ಇದರಲ್ಲಿ ಎಷ್ಟಿವೆ ಮಹಾಶಯರೇ? ನಿಜಕ್ಕೂ ಕಡಿಮೆ ಇದ್ದವು. ರೇಸಿನಿಂದ ರೇಸಿಗೆ ಬದಲಾಗುತ್ತಾ, 1932ರಲ್ಲಿ ಬ್ರೂಕ್‌ಲ್ಯಾಂಡ್ಸಿನಲ್ಲಿ ಅಪಘಾತಕ್ಕೂ ಸಿಕ್ಕು ಮತ್ತೆ ಎದ್ದ ಕಾರು ಅದು. ನ್ಯಾಯಮೂರ್ತಿ ಆಟನ್ ಮಾರಿದವರ ಪರ ತೀರ್ಪಿತ್ತರು. ಭಾಗಗಳು ಬದಲಾಗಿದ್ದರೂ ಕಾರಿನ ಇತಿಹಾಸ ಎಲ್ಲೂ ಕಡಿದಿಲ್ಲ, ಆ ಹೆಸರು ಹೇಳಿಕೊಳ್ಳಬಲ್ಲ ಇನ್ನೊಂದು ಕಾರು ಇಲ್ಲ ಎನ್ನುವುದೇ ತೀರ್ಪಿನ ತಿರುಳು.

ನಮ್ಮ ಯೆಜ್ಡಿಗಳಿಗೆ ಈ ಅಳತೆಗೋಲು ಚೆನ್ನಾಗಿ ಒಪ್ಪುತ್ತದೆ. ಬೆಂಗಳೂರಿನಲ್ಲಿ ಐದು ಗಾಡಿ ಬಿಚ್ಚಿ ಎಲ್ಲ ಒರಿಜಿನಲ್ ಸಾಮಾನು ಆಯ್ದು ಒಂದು ಗಾಡಿ ಕಟ್ಟುತ್ತಾರೆ. ನಟ್ಟು ಬೋಲ್ಟೂ ಕಂಪನಿಯದ್ದೇ. ಆದರೆ ಅಂಥ ಗಾಡಿ ಒಂದು ದಿನವೂ ಯಾರ ಮನೆಯಲ್ಲೂ ಬಾಳಿಲ್ಲ. ಬೈಲಹೊಂಗಲದ ಯಾವುದೋ ಮನೆಯಲ್ಲಿ ಅಜ್ಜ ಕೊಂಡು, ಅಪ್ಪ ಓಡಿಸಿ, ಊರಿನ ಕಮ್ಮಾರ ಫುಟ್‌ರೆಸ್ಟ್ ಬಡಿದು ಕೊಟ್ಟ, ಒಂದೇ ಆರ್‌ಸಿಯಲ್ಲಿ ತಂದೆಯಿಂದ ಮಗನಿಗೆ ಬಂದ ಗಾಡಿಗೆ ನಾನು ಹೆಚ್ಚು ಬೆಲೆ ಕಟ್ಟುತ್ತೇನೆ. ಪ್ರದರ್ಶನದ ತೀರ್ಪುಗಾರರು ಇದಕ್ಕೆ ಅಂಕ ಕಳೆಯಬಹುದು, ಕಳೆಯಲಿ.

ಬೆಲೆ ಹೇಳುವವರ ಲೆಕ್ಕವನ್ನೂ ತಿಳಿದಿರಿ. 2018ರ ನವೆಂಬರಿನಲ್ಲಿ ಹೊಸ ಕಂಪನಿಯವರು ಜಾವಾ ಹೆಸರನ್ನು ಮತ್ತೆ ತಂದಾಗ ದಿಲ್ಲಿಯ ಶೋರೂಮ್ ದರ 1.64 ಲಕ್ಷ. ಅಂದಿನಿಂದ ಹಳೇ ಗಾಡಿಯವರಿಗೆ ಅದೇ ಮಾನದಂಡವಾಯಿತು: ‘ಹೊಸಾದಕ್ಕ ಅಷ್ಟ್ ಆದರ ಹಳೇದಕ್ಕ?’ ಈ ತರ್ಕಕ್ಕೆ ತಲೆಯಾಡಿಸಬೇಡಿ. ಸುಸ್ಥಿತಿಯ ಕಾಗದ, ತಾಳೆಯಾಗುವ ನಂಬರು, ಕತ್ತರಿ ಬೀಳದ ಫ್ರೇಮು, ಇವು ಮೂರಕ್ಕೇ ಕೇಳಿದ ಬೆಲೆಯ ಮೂರರಲ್ಲಿ ಎರಡು ಪಾಲು ಸಲ್ಲಬೇಕು. ಉಳಿದ ಒಂದು ಪಾಲಿನಲ್ಲಿ ಎಂಜಿನ್ ಕೆಲಸ, ಕ್ರೋಮು, ಬಣ್ಣ ಎಲ್ಲ ಬರಬೇಕು. ಮಾರುಕಟ್ಟೆಯಲ್ಲಿ ನಡೆಯುತ್ತಿರುವುದು ಸರಿಯಾಗಿ ತಲೆಕೆಳಗು. ಎಂಬತ್ತು ಸಾವಿರ ಬಣ್ಣಕ್ಕೆ, ಇಪ್ಪತ್ತು ಸಾವಿರ ಗಾಡಿಗೆ.

ಸರ್ಕಾರದ ನಿಯಮವೂ ಈಗ ಬೆಲೆಯೊಳಗೆ ಕಾಲಿಟ್ಟಿದೆ. 2021ರ ಜುಲೈನ ಅಧಿಸೂಚನೆಯಂತೆ 50 ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ, ಚಾಸಿ ಮತ್ತು ಎಂಜಿನ್ನಿನಲ್ಲಿ ಭಾರೀ ಬದಲಾವಣೆ ಆಗದ ವಾಹನಕ್ಕೆ ವಿಂಟೇಜ್ ನೋಂದಣಿ ಸಿಗುತ್ತದೆ. ಹೊಸ ನೋಂದಣಿಯಾದರೆ ನಂಬರಿನಲ್ಲಿ ‘ವಿಎ’ ಅಕ್ಷರ, 20,000 ರೂಪಾಯಿ ಶುಲ್ಕ, ಹತ್ತು ವರ್ಷದ ಅವಧಿ. ಆದರೆ ನಿತ್ಯ ಓಡಿಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ಪೆಟ್ರೋಲು, ರಿಪೇರಿ, ಇಂಥದ್ದಕ್ಕೆ ಮಾತ್ರ ರಸ್ತೆಗೆ ಇಳಿಯಬೇಕು. ಹೊಲಕ್ಕೆ ಹೋಗುವ ಗಾಡಿಗೆ ಈ ಬಿರುದು ಬೇಡ, ಹಳೇ ನಂಬರನ್ನೇ ನವೀಕರಿಸಿಕೊಂಡಿರಿ. ಮೊದಲ ರೋಡ್‌ಕಿಂಗುಗಳಿಗೆ 2028ಕ್ಕೆ ಐವತ್ತು ತುಂಬುತ್ತದೆ. ಆಗ ‘ವಿಂಟೇಜ್ ಆತ್ರಿ’ ಎಂದು ಎಲ್ಲರೂ ದರ ಏರಿಸುತ್ತಾರೆ. ಕೊಳ್ಳುವ ಮನಸ್ಸಿದ್ದವರು ಅದಕ್ಕೂ ಮೊದಲೇ, ಬಣ್ಣದವರ ಕೈಗೆ ಸಿಗದೆ ಹಗೇವಿನ ಪಕ್ಕ ಧೂಳು ಹಿಡಿದು ನಿಂತ, ಆರ್‌ಸಿ ಇನ್ನೂ ಟ್ರಂಕಿನಲ್ಲಿರುವ ಗಾಡಿ ಹುಡುಕಲಿ. ತುಕ್ಕಿಗೆ ಹೆದರಬೇಡಿ. ಮುಂದಿನ ವಾರ ಅದನ್ನೇ ನೋಡೋಣ: ಯಾವ ತುಕ್ಕು ಮೇಲಿನದ್ದು, ಯಾವುದು ಫ್ರೇಮನ್ನು ತಿಂದದ್ದು.