1777 ಎಲ್ಲಿ ಹೋಯಿತು?

ಹೊಸ ಗ್ರಾಫಿಕ್ಸ್ ಕಾರ್ಡ್ ತಂದವರಿಗೆ ಮೊದಲ ವಾರ ಒಂದು ಕಾಯಿಲೆ ಅಂಟಿಕೊಳ್ಳುತ್ತದೆ. ಆಟ ಆಡುವುದನ್ನು ಬಿಟ್ಟು ಪರದೆಯ ಮೂಲೆಯಲ್ಲಿ ಕುಣಿಯುವ ಅಂಕಿಗಳನ್ನೇ ನೋಡುತ್ತಾ ಕೂರುತ್ತಾರೆ. ಆರ್‌ಟಿಎಕ್ಸ್ 3060 ಕಾರ್ಡಿನ ಬೂಸ್ಟ್ ಕ್ಲಾಕ್ 1777 ಮೆಗಾಹರ್ಟ್ಸ್ ಎಂದು ಎನ್‌ವಿಡಿಯಾ ಹೇಳಿದೆ. ಮೂಲೆಯಲ್ಲಿ ಕಾಣುತ್ತಿರುವುದು 1680. ಹತ್ತಿರ ಹತ್ತಿರ ನೂರು ಮೆಗಾಹರ್ಟ್ಸ್ ಯಾರು ಹೊಡೆದುಕೊಂಡರು? ಅಂಗಡಿಯವರಿಗೆ ಫೋನು, ಡ್ರೈವರ್ ಅಳಿಸಿ ಮತ್ತೆ ಹಾಕುವುದು, ಬಯಾಸ್ ಅಪ್‌ಡೇಟು, ಕಡೆಗೆ ಸ್ಕ್ರೂಡ್ರೈವರು. ಎಲ್ಲ ಮುಗಿದ ಮೇಲೂ ಮೂಲೆಯಲ್ಲಿ ಅದೇ 1680. ಕ್ಲಾಕ್ ಅನ್ನುವುದು ಕಾರ್ಡ್ ಆ ಗಳಿಗೆಯಲ್ಲಿ ಹಾಕಿದ ಲೆಕ್ಕದ ಉತ್ತರ. ಉತ್ತರ ಸರಿಯಿಲ್ಲ ಅನ್ನಿಸಿದರೆ ಮೊದಲು ಲೆಕ್ಕ ನೋಡಬೇಕು.

2012ರ ಮಾರ್ಚ್‌ವರೆಗೆ ಈ ತಲೆನೋವು ಇಷ್ಟಿರಲಿಲ್ಲ. ಆಟ ಶುರುವಾದರೆ ಕಾರ್ಡ್ ತನ್ನ ನಿಗದಿತ ವೇಗಕ್ಕೆ ಏರುತ್ತಿತ್ತು, ಆಟ ಮುಗಿದರೆ ಇಳಿಯುತ್ತಿತ್ತು. ಆ ತಿಂಗಳು ಬಂದ ಜಿಟಿಎಕ್ಸ್ 680 ಜೊತೆಗೆ ಎನ್‌ವಿಡಿಯಾ ‘ಜಿಪಿಯು ಬೂಸ್ಟ್’ ತಂದಿತು. ಬೇಸ್ 1006, ಬೂಸ್ಟ್ 1058. ವಿದ್ಯುತ್ತಿನಲ್ಲಿ, ಶಾಖದಲ್ಲಿ ಎಷ್ಟು ಅವಕಾಶ ಉಳಿದಿದೆಯೋ ಅಷ್ಟು ಮೇಲೇರುವುದು, ಇಲ್ಲದಿದ್ದರೆ ಮೆಟ್ಟಿಲಿಳಿಯುವುದು. ಅಂದಿನಿಂದ ಎನ್‌ವಿಡಿಯಾದ ಬೂಸ್ಟ್ ಅಂದರೆ ಸಾಮಾನ್ಯ ಆಟಗಳಲ್ಲಿ ಸರಾಸರಿ ಸಿಗುವ ವೇಗ. ಅದನ್ನು ದಾಟಿ ಓಡುವುದೂ ಉಂಟು. ಎಎಂಡಿಯದು ಬೇರೆ ಲೆಕ್ಕ. 2019ರ ಆರ್‌ಎಕ್ಸ್ 5700 ಎಕ್ಸ್‌ಟಿಗೆ ಅವರು ಮೂರು ಅಂಕಿ ಕೊಟ್ಟರು: ಬೇಸ್ 1605, ಗೇಮ್ 1755, ಬೂಸ್ಟ್ 1905. ಇಲ್ಲಿ ಬೂಸ್ಟ್ ಅನ್ನುವುದು ಅನುಕೂಲ ಕೂಡಿಬಂದಾಗ ಮುಟ್ಟಬಹುದಾದ ಎತ್ತರ, ಆಟದಲ್ಲಿ ನಿರೀಕ್ಷಿಸಬೇಕಾದದ್ದು ಗೇಮ್ ಕ್ಲಾಕ್. ಅಂದರೆ ಆ ಕಾರ್ಡ್ 1780ರಲ್ಲಿ ಓಡುತ್ತಿದ್ದರೆ ದೂರಲು ಏನೂ ಇಲ್ಲ.

ಎಎಂಡಿ ಹೀಗೆ ಬಿಡಿಸಿ ಹೇಳುವ ಮುನ್ನ ಒಂದು ಹಳೆಯ ರಗಳೆ ನಡೆದಿತ್ತು. 2013ರ ಅಕ್ಟೋಬರ್‌ನಲ್ಲಿ ಬಂದ ಆರ್9 290ಎಕ್ಸ್‌ಗೆ ಕೊಟ್ಟಿದ್ದ ಅಂಕಿ ‘1000 ಮೆಗಾಹರ್ಟ್ಸ್‌ವರೆಗೆ’. ಕೆಳಮಿತಿಯ ಮಾತೇ ಇಲ್ಲ. ಕಾರ್ಡಿನೊಡನೆ ಬಂದ ಕೂಲರ್‌ನಲ್ಲಿ ಚಿಪ್ಪು 95 ಡಿಗ್ರಿಗೆ ಏರಿ ಅಲ್ಲೇ ನಿಲ್ಲುತ್ತಿತ್ತು, ವೇಗ ಎಷ್ಟೋ ಕೆಳಗಿಳಿಯುತ್ತಿತ್ತು. ವಿಮರ್ಶಕರಿಗೆ ಕಳಿಸಿದ ಕಾರ್ಡುಗಳಿಗಿಂತ ಅಂಗಡಿಯಲ್ಲಿ ಕೊಂಡವು ನಿಧಾನ ಎಂಬ ದೂರೂ ಎದ್ದಿತು. ಸದ್ದು ಕಡಿಮೆ ಇಡುವ ‘ಕ್ವಯಟ್’ ಕ್ರಮದಲ್ಲಿ ಫ್ಯಾನಿಗೆ ಶೇ 40ರ ಮಿತಿ ಹಾಕಿದ್ದರು. ಒಂದು ಫ್ಯಾನಿನ ಶೇ 40 ಇನ್ನೊಂದರ ಶೇ 40ರಷ್ಟೇ ವೇಗವಾಗಿ ತಿರುಗುತ್ತಿರಲಿಲ್ಲ. ಒಂದೇ ಮಾಡೆಲ್ಲಿನ ಎರಡು ಕಾರ್ಡುಗಳಿಗೆ ಎರಡು ವೇಗ ಬಂದದ್ದು ಹಾಗೆ. ಶೇಕಡದ ಬದಲು ನಿಮಿಷಕ್ಕೆ ಎಷ್ಟು ಸುತ್ತು ಎಂದು ಹಿಡಿಯುವ ಡ್ರೈವರ್ ಬಂದ ಮೇಲೆ ವ್ಯತ್ಯಾಸ ತಗ್ಗಿತು. ಸಿಲಿಕಾನ್‌ನ ದೋಷ ಎಂದು ಜನ ಬೈದದ್ದಕ್ಕೆ ಬಹುಪಾಲು ಕಾರಣ ಗಾಳಿ.

ಈಗ ನಿಮ್ಮ ಮೇಜಿಗೆ ಬರೋಣ. ಜಿಪಿಯು-ಝಡ್ ಎಂಬ ಉಚಿತ ತಂತ್ರಾಂಶದ ಸೆನ್ಸರ್ ಪುಟದಲ್ಲಿ ‘ಪರ್ಫ್‌ಕ್ಯಾಪ್ ರೀಸನ್’ ಎಂಬ ಸಾಲಿದೆ. ಎನ್‌ವಿಡಿಯಾ ಕಾರ್ಡಾದರೆ ನಾನು ಮೊದಲು ನೋಡುವುದು ಅದನ್ನೇ. ಕಾರ್ಡ್ ಇನ್ನೂ ಮೇಲೆ ಹೋಗದಿರಲು ಕಾರಣವೇನೆಂದು ಅದೇ ಹೇಳಿಬಿಡುತ್ತದೆ: ವಿದ್ಯುತ್ ಮಿತಿಯೋ, ಶಾಖವೋ, ವೋಲ್ಟೇಜ್ ಅಂಚೋ, ಕೆಲಸವೇ ಇಲ್ಲವೋ. ಆಟ ನಡೆಯುತ್ತಿರುವಾಗಲೇ ನೋಡಬೇಕು. ಆಟ ಮುಚ್ಚಿ ಡೆಸ್ಕ್‌ಟಾಪ್‌ಗೆ ಬಂದು ನೋಡಿದರೆ ಕಾಣುವುದು 210 ಮೆಗಾಹರ್ಟ್ಸ್, ಅದು ಕಾರ್ಡ್ ಮಲಗಿದಾಗಿನ ವೇಗ. ಮೆಮೊರಿಯ ಅಂಕಿಯೂ ಹೆದರಿಸುತ್ತದೆ: 3060ರ ಮೆಮೊರಿ ಸೆಕೆಂಡಿಗೆ 15 ಗಿಗಾಬಿಟ್ ಎಂದು ಪೆಟ್ಟಿಗೆ ಹೇಳಿದರೆ ಜಿಪಿಯು-ಝಡ್ 1875 ಅನ್ನುತ್ತದೆ, ಕಾರ್ಡಿನ ವೇಗ ತಿದ್ದುವ ಆಫ್ಟರ್‌ಬರ್ನರ್ ಎಂಬ ತಂತ್ರಾಂಶ 7500 ಅನ್ನುತ್ತದೆ. ಎಣಿಸುವ ಬಗೆ ಬೇರೆ, ವೇಗ ಒಂದೇ.

ಕೆಲಸವಿಲ್ಲ ಎಂದು ಬಂದರೆ ಕಾರ್ಡನ್ನು ಮುಟ್ಟಲೇಬೇಡಿ. ಅದರ ಬಳಕೆ ಶೇ 60ರ ಆಸುಪಾಸು ತೂಗಾಡುತ್ತಿದೆ ಎಂದರೆ ಹಳೆಯ ಪ್ರೊಸೆಸರ್ ಕೆಲಸ ಒದಗಿಸಲಾರದೆ ಏದುತ್ತಿದೆ, ಇಲ್ಲವೇ ವಿ-ಸಿಂಕ್ 60 ಫ್ರೇಮಿಗೆ ಕಟ್ಟಿಹಾಕಿದೆ. ಇಂಥ ಹೊತ್ತಲ್ಲಿ ಕಾರ್ಡ್ ಓವರ್‌ಕ್ಲಾಕ್ ಮಾಡುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ.

ವಿದ್ಯುತ್ ಎಂದು ಬಂದರೆ ಬಹುಪಾಲು ಅದು ಕಾಯಿಲೆಯೇ ಅಲ್ಲ. 3060ಕ್ಕೆ 170 ವಾಟ್ ಮಿತಿ. ಹಗುರ ಆಟದಲ್ಲಿ ಅಷ್ಟು ವಾಟ್‌ನೊಳಗೆ 1900 ದಾಟಿ ಓಡುವ ಕಾರ್ಡು, ರೇ ಟ್ರೇಸಿಂಗ್ ಹಚ್ಚಿದ ಭಾರದ ಆಟದಲ್ಲಿ ಅದೇ ವಾಟ್‌ಗೆ ಕೆಳಗಿಳಿಯುತ್ತದೆ. ಚಿಪ್ಪಿನ ಹೆಚ್ಚು ಭಾಗ ಒಟ್ಟಿಗೆ ದುಡಿಯುತ್ತಿದೆ ಎಂದರ್ಥ. ಫರ್‌ಮಾರ್ಕ್ ಓಡಿಸಿ ವೇಗ ಬಿತ್ತೆಂದು ಗಾಬರಿಯಾಗುವವರಿಗಂತೂ ನನ್ನ ಬಳಿ ಸಹಾನುಭೂತಿಯಿಲ್ಲ. ಮಿತಿಮೀರಿ ವಿದ್ಯುತ್ ಎಳೆಯುವ ಪರೀಕ್ಷೆ ಅದು. 2010ರ ಜಿಟಿಎಕ್ಸ್ 580 ಅದನ್ನು ಗುರುತಿಸಿ ತಾನಾಗಿ ಕಡಿವಾಣ ಹಾಕಿಕೊಳ್ಳುತ್ತಿತ್ತು. ಪವರ್ ಸಪ್ಲೈ ಮೇಲೂ ಸುಮ್ಮನೆ ಅನುಮಾನ ಬೇಡ. ಅದು ಸೋತರೆ ಸಾಮಾನ್ಯವಾಗಿ ಕ್ಲಾಕ್ ನಯವಾಗಿ ಇಳಿಯುವುದಿಲ್ಲ, ಆಟದ ಮಧ್ಯೆ ಮೆಷಿನ್ನೇ ಆರಿಹೋಗುತ್ತದೆ.

ಶಾಖ ನಿಜವಾದ ವಿಷಯ, ನಮ್ಮ ಬೇಸಿಗೆಯಲ್ಲಂತೂ ಇನ್ನೂ ಹೆಚ್ಚು. ಎನ್‌ವಿಡಿಯಾದ ಹಲವು ತಲೆಮಾರಿನ ಕಾರ್ಡುಗಳು 83 ಡಿಗ್ರಿಯನ್ನು ಗುರಿ ಇಟ್ಟುಕೊಳ್ಳುತ್ತವೆ, ಆದರೆ ಅದಕ್ಕೆ ಬಹಳ ಮುಂಚೆಯೇ ಚಿಪ್ಪು ಬಿಸಿಯಾದಂತೆಲ್ಲ ಒಂದೊಂದು ಮೆಟ್ಟಿಲು ಇಳಿಸುತ್ತಾ ಬರುತ್ತವೆ. ಮೆಟ್ಟಿಲೆಂದರೆ ಹದಿನೈದು ಮೆಗಾಹರ್ಟ್ಸ್ ಅಷ್ಟೆ. ಏಪ್ರಿಲ್‌ನಲ್ಲಿ ರಾಯಚೂರಿನ ಕೋಣೆಯಲ್ಲಿ ಓಡುವ ಕಾರ್ಡು ಡಿಸೆಂಬರ್‌ನ ಮಡಿಕೇರಿಯ ಅಂಕಿ ತೋರಿಸಲಿ ಎಂದು ಕೇಳುವುದು ನ್ಯಾಯವಲ್ಲ. ಆದರೆ ಕ್ಯಾಬಿನೆಟ್ಟಿನ ಅನ್ಯಾಯ ಸರಿಪಡಿಸಬಹುದು. ಮುಂಭಾಗಕ್ಕೆ ಪೂರ್ತಿ ಗಾಜು ಹೊದಿಸಿ ಒಳಗೆ ಬಣ್ಣದ ದೀಪ ಉರಿಸುವ ಕ್ಯಾಬಿನೆಟ್ಟುಗಳು ನೋಡಲು ಮದುವೆ ಮಂಟಪ, ಉಸಿರಾಡಲು ಜಾಗವಿಲ್ಲ. ಪಕ್ಕದ ಬಾಗಿಲು ತೆಗೆದಿಟ್ಟು ಅದೇ ಆಟ ಕಾಲು ಗಂಟೆ ಆಡಿ ನೋಡಿ. ಶಾಖ ಐದಾರು ಡಿಗ್ರಿ ಇಳಿದು ಕ್ಲಾಕ್ ಏರಿದರೆ ಕಾರ್ಡ್ ನಿರಪರಾಧಿ. ಬಾಗಿಲು ತೆಗೆದರೂ ಬದಲಾಗದಿದ್ದರೆ ‘ಹಾಟ್‌ಸ್ಪಾಟ್’ ಶಾಖ ನೋಡಿ. ಅದು ಚಿಪ್ಪಿನ ಶಾಖಕ್ಕಿಂತ ಹದಿನೈದು ಡಿಗ್ರಿ ಹೆಚ್ಚಿರುವುದು ಸಹಜ. ಮೂವತ್ತು ದಾಟಿದರೆ ಥರ್ಮಲ್ ಪೇಸ್ಟ್ ಒಣಗಿದೆ ಅಥವಾ ಅಂಚಿಗೆ ಸರಿದಿದೆ. 3080ಯಂಥ ಕಾರ್ಡುಗಳಲ್ಲಿ ಇನ್ನೊಂದು ಒಳಗುಟ್ಟಿದೆ: ಚಿಪ್ಪು ತಣ್ಣಗಿದ್ದರೂ ಜಿಡಿಡಿಆರ್6ಎಕ್ಸ್ ಮೆಮೊರಿ 110 ಡಿಗ್ರಿ ಮುಟ್ಟಿ ಎಲ್ಲವನ್ನೂ ಕೆಳಗೆಳೆಯುತ್ತದೆ. ಅಲ್ಲಿ ಬದಲಿಸಬೇಕಾದದ್ದು ಥರ್ಮಲ್ ಪ್ಯಾಡು.

ಬೆಂಗಳೂರಿನ ಎಸ್‌ಪಿ ರೋಡಿನಲ್ಲೋ ಬೇರೆಲ್ಲೋ ಸೆಕೆಂಡ್‌ಹ್ಯಾಂಡ್ ಕಾರ್ಡ್ ಕೊಂಡವರ ಸಮಸ್ಯೆಯ ಜಾತಿಯೇ ಬೇರೆ. 2022ರ ಸೆಪ್ಟೆಂಬರ್ 15ರಂದು ಎಥೀರಿಯಂ ಮೈನಿಂಗ್ ನಿಂತ ಮೇಲೆ ಮೈನಿಂಗ್‌ನಲ್ಲಿ ದುಡಿದ ಕಾರ್ಡುಗಳು ಮಾರುಕಟ್ಟೆಗೆ ನುಗ್ಗಿದವು. ಆರ್‌ಎಕ್ಸ್ 570, 580 ಕಾರ್ಡುಗಳ ಬಯಾಸನ್ನು ಮೈನಿಂಗ್ ಮಾಡುವವರು ತಿದ್ದಿರುತ್ತಿದ್ದರು: ಮೆಮೊರಿ ಚುರುಕು, ಚಿಪ್ಪಿನ ಕ್ಲಾಕ್ ಕಡಿಮೆ, ವಿದ್ಯುತ್ ಖರ್ಚು ಕಡಿಮೆ. 580ರ ಅಧಿಕೃತ ಬೂಸ್ಟ್ 1340. ನಿಮ್ಮದು ಯಾವ ಆಟದಲ್ಲೂ 1150 ದಾಟುವುದಿಲ್ಲ, ಶಾಖವೂ ಇಲ್ಲ ಎಂದಾದರೆ ಅನುಮಾನ ಅತ್ತ ಹರಿಯಲಿ. ಹಲವು 580ಗಳ ಅಂಚಿನಲ್ಲಿ ಎರಡು ಬಯಾಸ್‌ಗಳ ನಡುವೆ ಬದಲಿಸುವ ಪುಟ್ಟ ಸ್ವಿಚ್ ಇರುತ್ತದೆ. ಮೆಷಿನ್ ಆಫ್ ಮಾಡಿ ಅದನ್ನು ಆಚೆ ತಳ್ಳಿ ನೋಡುವುದಕ್ಕೆ ಕಾಸು ಖರ್ಚಿಲ್ಲ.

ಲ್ಯಾಪ್‌ಟಾಪ್ ಬಗ್ಗೆ ಇಷ್ಟೇ: ಅಲ್ಲಿ 3060 ಎಂಬ ಹೆಸರಿನಿಂದ ಏನೂ ತಿಳಿಯುವುದಿಲ್ಲ. ತಯಾರಕರು ಅದಕ್ಕೆ 60ರಿಂದ 115 ವಾಟ್‌ವರೆಗೆ ಎಷ್ಟಾದರೂ ಕೊಡಬಹುದು, ಬೂಸ್ಟ್ 1283ರಿಂದ 1703ರವರೆಗೆ ಎಲ್ಲಾದರೂ ಇರಬಹುದು. ಕೊಳ್ಳುವಾಗಲೇ ವಾಟ್ ಕೇಳಿ. ಕೊಂಡಾಗಿದ್ದರೆ ಚಾರ್ಜರ್ ಸಿಕ್ಕಿಸಿ, ತಯಾರಕರ ತಂತ್ರಾಂಶದಲ್ಲಿ ಪರ್ಫಾರ್ಮೆನ್ಸ್ ಕ್ರಮಕ್ಕೆ ಬದಲಿಸಿ. ಬ್ಯಾಟರಿಯಲ್ಲಿ ಓಡಿಸಿ ದೂರುವವರೇ ಹೆಚ್ಚು.

ಎಲ್ಲ ಸರಿಯಿದ್ದೂ 1777 ಬೇಕೇ ಬೇಕು ಅನ್ನುವವರಿಗೆ ನಾನು ಹೇಳುವ ದಾರಿ ಅಂಡರ್‌ವೋಲ್ಟ್. ವೇಗ ಹೆಚ್ಚಿಸಲು ವೋಲ್ಟೇಜ್ ಇಳಿಸುವುದು ವಿಚಿತ್ರವಾಗಿ ಕೇಳಿಸಬಹುದು. ಆದರೆ ಚಿಪ್ಪು ನುಂಗುವ ವಿದ್ಯುತ್ತು ಕ್ಲಾಕ್ ಏರಿದಷ್ಟೇ ಏರಿದರೆ, ವೋಲ್ಟೇಜ್ ಏರಿದಾಗ ಅದರ ವರ್ಗದಷ್ಟು ಏರುತ್ತದೆ. ವೋಲ್ಟೇಜ್ ಕೊಂಚ ತಗ್ಗಿದರೆ ಉಳಿಯುವ ವಾಟ್‌ನಲ್ಲಿ ಕಾರ್ಡು ಮೇಲಿನ ಮೆಟ್ಟಿಲಲ್ಲೇ ನಿಲ್ಲುತ್ತದೆ, ಫ್ಯಾನಿನ ಸದ್ದೂ ಇಳಿಯುತ್ತದೆ. ಕ್ಷಣಕ್ಕೊಮ್ಮೆ 1900 ಮುಟ್ಟಿ ಬೀಳುವ ಕಾರ್ಡಿಗಿಂತ 1800ರಲ್ಲಿ ಅಲುಗದೆ ನಿಂತದ್ದೇ ನನಗೆ ಇಷ್ಟ; ಕಣ್ಣಿಗೆ ತಟ್ಟುವುದು ಏರಿಳಿತ, ಶಿಖರವಲ್ಲ. ಆಫ್ಟರ್‌ಬರ್ನರ್‌ನಲ್ಲಿ ಕಂಟ್ರೋಲ್ ಮತ್ತು ಎಫ್ ಒತ್ತಿದರೆ ವೋಲ್ಟೇಜ್ ರೇಖೆ ತೆರೆಯುತ್ತದೆ. 900 ಮಿಲಿವೋಲ್ಟ್ ಆಸುಪಾಸಿನ ಚುಕ್ಕಿಯನ್ನು ಬೇಕಾದ ವೇಗಕ್ಕೆ ಎತ್ತಿ, ಅದರ ಬಲಕ್ಕಿರುವುದನ್ನೆಲ್ಲ ಚಪ್ಪಟೆ ಮಾಡಿ. ಪ್ರತಿ ಚಿಪ್ಪಿನ ತಾಳಿಕೆ ಬೇರೆ, ಹಾಗಾಗಿ ಗೆಳೆಯನ ಅಂಕಿ ನಕಲು ಮಾಡಬೇಡಿ. ಆಟ ಕುಸಿದರೆ ಹದಿನೈದು ಮೆಗಾಹರ್ಟ್ಸ್ ಇಳಿಸಿ ಮತ್ತೆ ನೋಡಿ. ವಿಂಡೋಸ್ ಶುರುವಾಗುವಾಗಲೇ ಇದನ್ನು ಹಚ್ಚುವ ಗುಂಡಿಯನ್ನಂತೂ ನೀವು ಆಡುವ ಅತಿ ಭಾರದ ಆಟ ಕೆಲವು ಸಂಜೆ ಕುಸಿಯದೆ ಓಡುವವರೆಗೆ ಒತ್ತಬೇಡಿ.